ತಪ್ಪಿ ಬಂದ ರೇಡಿಯಂ ಹಾಳೆ

"ಮುಟ್ಟಿ, ಒತ್ತಿ, ಓಡಾಡಿ, ಏನು ಬೇಕಾದರೂ ಮಾಡಿ" ಎಂದು ಬಾಗಿಲಲ್ಲಿದ್ದ ಹುಡುಗಿ ತೆಲುಗಿನಲ್ಲಿ ಒಮ್ಮೆ, ಹಿಂದಿಯಲ್ಲಿ ಒಮ್ಮೆ ಹೇಳಿದಳು. ನನ್ನ 18 ಮಕ್ಕಳು ಕೈ ಕಟ್ಟಿಕೊಂಡು ನಿಂತೇ ಇದ್ದರು. ಹೈದರಾಬಾದಿನ ಮಾಲ್ ಒಂದರ ಮೇಲಂತಸ್ತಿನಲ್ಲಿದ್ದ ಬೆಳಕು, ಕನ್ನಡಿ, ನೆರಳುಗಳ ಆಟದ ಮನೆ ಅದು. ನಮಗೆ ಸಿಕ್ಕಿದ್ದು ಒಂದು ಗಂಟೆ. ಅದರಲ್ಲಿ ಮೊದಲ ಹತ್ತು ನಿಮಿಷ ಯಾರೂ ಯಾವುದನ್ನೂ ಮುಟ್ಟಲಿಲ್ಲ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಹಾಗೆ, ಅಡ್ಡ ನಿಂತ ಪೂಜಾರಿ ನಾನೇ. ಬೆಳಿಗ್ಗೆ ಅವರನ್ನು ಸಾಲಾರ್‌ಜಂಗ್ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿ ಮೂರು ಗಂಟೆ ಕಾಲ "ಮುಟ್ಟಬೇಡಿ, ದೂರ ನಿಲ್ಲಿ" ಎಂದು ಗದರಿದ್ದೆ. ಅದೇ ಬಾಯಿಂದ ಮಧ್ಯಾಹ್ನ "ಮುಟ್ಟಿ" ಎಂದರೆ ಯಾರು ನಂಬುತ್ತಾರೆ? ಕೊನೆಗೆ ನಾನೇ ಚಪ್ಪಲಿ ಬಿಟ್ಟು, ನೆಲದ ಮೇಲೆ ಹರಿದಾಡುತ್ತಿದ್ದ ಬೆಳಕಿನ ಚುಕ್ಕೆಗಳನ್ನು ತುಳಿಯುತ್ತ ಕುಣಿದ ಮೇಲೆಯೇ ಅವರ ಕೈಗಳು ಬಿಚ್ಚಿಕೊಂಡದ್ದು. ನನ್ನ ಕುಣಿತ ಈಗಲೂ ಶಾಲೆಯಲ್ಲಿ ನಗೆಯ ವಿಷಯ.

ನಾನು ಬೀದರ್ ಪಕ್ಕದ ಸರ್ಕಾರಿ ಪ್ರೌಢಶಾಲೆಯಲ್ಲಿ ಚಿತ್ರಕಲಾ ಶಿಕ್ಷಕ. ನಮಗೆ ಬೆಂಗಳೂರು ಎಂದರೆ ಒಂದು ಇಡೀ ರಾತ್ರಿಯ ಪ್ರಯಾಣ. ಹೈದರಾಬಾದ್ ಹಾಗಲ್ಲ, ಜಹೀರಾಬಾದ್ ದಾಟಿದರೆ ಬಂದಂತೆಯೇ, ಸುಮಾರು 140 ಕಿಲೋಮೀಟರ್. ಮದುವೆಯ ಬಟ್ಟೆಗೂ ದೊಡ್ಡ ಆಸ್ಪತ್ರೆಗೂ ನಾವು ಹೋಗುವುದು ಅಲ್ಲಿಗೇ. ಹಾಗಾಗಿ ಒಂಬತ್ತನೇ ತರಗತಿಯವರ ಪ್ರವಾಸವೂ ಅಲ್ಲಿಗೇ ಎಂದು ತೀರ್ಮಾನವಾಯಿತು.

ಹೊರಡುವ ಮುನ್ನ ಮಕ್ಕಳಿಗೆ ಅಂದಾಜು ಸಿಗಲಿ ಎಂದು ಟೋಕಿಯೊದ ಟೀಮ್‌ಲ್ಯಾಬ್ ಪ್ಲಾನೆಟ್ಸ್‌ನ ವಿಡಿಯೊ ತೋರಿಸಿದೆ. 2018ರಲ್ಲಿ ತೆರೆದ, ನೋಡುವವರೇ ಒಳಹೊಕ್ಕು ಅನುಭವಿಸುವ ಬೆಳಕಿನ ಕಲೆಯ ಜಾಗ ಅದು. ಅಲ್ಲಿ ಬರಿಗಾಲಿನಲ್ಲಿ ಮೊಳಕಾಲುದ್ದದ ನೀರಿಗೆ ಇಳಿಯಬೇಕು. ನೀರಿನ ಮೇಲೆ ಬೆಳಕಿನ ಮೀನುಗಳು ಈಜುತ್ತಿರುತ್ತವೆ, ನಮಗೆ ತಾಗಿದರೆ ಹೂವಾಗಿ ಚದುರುತ್ತವೆ. ನಾನು ಕಣ್ಣರಳಿಸಿ ವಿವರಿಸುತ್ತಿದ್ದರೆ ಹಿಂದಿನ ಬೆಂಚಿನ ಹುಡುಗಿ, "ಮೊಳಕಾಲಷ್ಟೇ ನೀರೇ ಸರ್? ನಮ್ಮ ನರಸಿಂಹ ಝರಣಿಯಲ್ಲಿ ಎದೆಮಟ್ಟ ಇರುತ್ತದೆ. ತಲೆಯ ಮೇಲೆ ಬಾವಲಿ ಬೇರೆ" ಎಂದಳು. ತರಗತಿ ಗೊಳ್ಳೆಂದಿತು, ನಾನೂ ನಕ್ಕೆ. ಗುಹೆಯ ಕತ್ತಲೆಯಲ್ಲಿ, ಎದೆಮಟ್ಟದ ನೀರಿನಲ್ಲಿ, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ದೇವರ ಬಳಿಗೆ ನಡೆದುಹೋಗುವ ಊರಿನವರಿಗೆ ಮೈಮುಳುಗುವ ಕಲೆಯ ಬಗ್ಗೆ ಪಾಠ ಹೇಳಲು ಹೊರಟಿದ್ದೆನಲ್ಲ ಎಂದು ಆಮೇಲೆ ಅನ್ನಿಸಿತು.

ಸಾಲಾರ್‌ಜಂಗ್‌ನಲ್ಲಿ ಎಲ್ಲರೂ ಸಂಗೀತ ಗಡಿಯಾರದ ಮುಂದೆ ಗುಂಪುಗೂಡುತ್ತಾರೆ, ನಾವೂ ಕೂಡಿದೆವು. ಆದರೆ ನನ್ನ ಮಕ್ಕಳು ಬಹಳ ಹೊತ್ತು ನಿಂತದ್ದು ಮರದ ಜೋಡಿ ಶಿಲ್ಪದ ಬಳಿ. ಮುಂದಿನಿಂದ 'ಫೌಸ್ಟ್' ನಾಟಕದ ಸೊಕ್ಕಿನ ಸೈತಾನ ಮೆಫಿಸ್ಟೋಫಿಲಿಸ್, ಹಿಂಬದಿಯಲ್ಲಿ ಅದೇ ನಾಟಕದ ಹುಡುಗಿ, ತಲೆ ತಗ್ಗಿಸಿದ ಮಾರ್ಗರೆಟಾ. ಹಿಂದೆ ಕನ್ನಡಿ ಇಟ್ಟಿರುವುದರಿಂದ ಇಬ್ಬರೂ ಒಟ್ಟಿಗೆ ಕಾಣುತ್ತಾರೆ. ಮಕ್ಕಳು ಬಗ್ಗಿದರು, ಓರೆಯಾದರು, ಕನ್ನಡಿಯಲ್ಲಿ ತಮ್ಮ ಮುಖ ಮಾರ್ಗರೆಟಾಳ ಪಕ್ಕ ಬರುವ ಜಾಗ ಹುಡುಕಿದರು. ಅದೇ ಆ ದಿನದ ನಿಜವಾದ ಆಟದ ಆರಂಭ. ನಾನು ಗುರುತಿಸಲಿಲ್ಲ, "ಸಾಲಾಗಿ ಬನ್ನಿ" ಎಂದು ಎಳೆದುಕೊಂಡು ಹೋದೆ. ಮಕ್ಕಳನ್ನು ಕರೆದೊಯ್ಯುವವರು ಆಟದ ಮನೆಯನ್ನು ಬೆಳಿಗ್ಗೆಗೂ ವಸ್ತುಸಂಗ್ರಹಾಲಯವನ್ನು ಮಧ್ಯಾಹ್ನಕ್ಕೂ ಇಟ್ಟುಕೊಳ್ಳಲಿ. ಮತ್ತೊಂದು ಮಾತು, ಶಾಲೆಗಳಿಗೆ ರಿಯಾಯಿತಿ ಇದೆ ಎಂದು ಫೋನಿನಲ್ಲಿ ಹೇಳಿದರೆ ಅದನ್ನು ಬರಹದಲ್ಲಿ ಪಡೆಯಬೇಕು. ನಮಗೆ ಫೋನಿನಲ್ಲಿ ಸಿಕ್ಕ ರಿಯಾಯಿತಿ ಕೌಂಟರಿನಲ್ಲಿ ಸಿಗಲಿಲ್ಲ.

ಆಟದ ಮನೆಯಲ್ಲಿ ಹತ್ತು ಹನ್ನೆರಡು ಕೋಣೆಗಳಿದ್ದವು. ತಿರುಗುವ ಸುರಂಗದಲ್ಲಿ ನಡುವಿನ ಸೇತುವೆ ಅಲುಗುವುದೇ ಇಲ್ಲ, ಸುತ್ತಲಿನ ಬಣ್ಣದ ಪೀಪಾಯಿ ಮಾತ್ರ ತಿರುಗುತ್ತದೆ. ಬೀಳುತ್ತಿದ್ದೇನೆ ಎಂದು ಕಣ್ಣು ಹೇಳುತ್ತದೆ, ನೆಟ್ಟಗೆ ನಿಂತಿದ್ದೇನೆ ಎಂದು ಕಿವಿಯೊಳಗಿನ ಸಮತೋಲನದ ಅಂಗ ಹೇಳುತ್ತದೆ. ಇಬ್ಬರ ಜಗಳದಲ್ಲಿ ಹೊಟ್ಟೆ ಕೆಡುತ್ತದೆ. ಕಬ್ಬಿನ ಟ್ರಾಲಿಯ ತುದಿಯಲ್ಲಿ ನಿಂತು ಸವಾರಿ ಮಾಡುವ ಧೀರನೊಬ್ಬ ಬಿರಿಯಾನಿ ತಿಂದು ಅರ್ಧ ಗಂಟೆಯಾಗಿತ್ತು. ಮುಂದಿನದನ್ನು ಬರೆಯುವುದಿಲ್ಲ. ಕಣ್ಣು ಮುಚ್ಚಿಕೊಂಡರೆ ಸೇತುವೆ ಮತ್ತೆ ಸೇತುವೆಯಷ್ಟೇ ಆಗುತ್ತದೆ ಎಂಬುದನ್ನು ಮಕ್ಕಳೇ ಕಂಡುಹಿಡಿದರು.

ಎದುರುಬದುರು ಕನ್ನಡಿಗಳ ಕೋಣೆಯಲ್ಲಿ ಒಬ್ಬಳು, "ದೂರ ಹೋದಂತೆ ನಾವು ಹಸಿರಾಗುತ್ತೇವೆ, ಯಾಕೆ?" ಎಂದು ಕೇಳಿದಳು. ಜಪಾನಿನ ಕಲಾವಿದೆ ಯಾಯೊಯಿ ಕುಸಾಮಾ 1965ರಲ್ಲಿ ಇಂಥ ಕೋಣೆ ಮಾಡಿದ್ದರು ಎಂದು ಭಾಷಣಕ್ಕೆ ಸಿದ್ಧನಾಗಿದ್ದ ನನಗೆ ಉತ್ತರ ಹೊಳೆಯಲಿಲ್ಲ. ಗಾಜಿನಲ್ಲಿರುವ ಕಬ್ಬಿಣದ ಅಂಶವೇ ಕಾರಣ. ಪ್ರತಿ ಬಿಂಬಕ್ಕೂ ಬೆಳಕು ಮತ್ತೊಮ್ಮೆ ಗಾಜನ್ನು ಹಾದು ಬರುತ್ತದೆ, ಪ್ರತಿ ಸಲವೂ ಅದರ ಕೆಂಪು ಚೂರು ಸವೆಯುತ್ತದೆ. ಮನೆಗೆ ಮರಳುವಾಗ ಬಸ್ಸಿನಲ್ಲಿ ಹೇಳಿದೆ. ಅವಳು ನಿದ್ದೆ ಹೋಗಿದ್ದಳು.

ಮಕ್ಕಳು ಬಿಟ್ಟು ಬರಲು ಒಪ್ಪದ ಕೋಣೆಗಳು ಎರಡೇ. ಒಂದು, ನೆರಳು ಅಂಟಿಕೊಳ್ಳುವ ಗೋಡೆ. ಫಳ್ ಎಂದು ದೀಪ ಮಿಂಚುತ್ತದೆ, ನಾವು ಸರಿದು ನಿಂತರೂ ನಮ್ಮ ನೆರಳು ಗೋಡೆಯಲ್ಲೇ ಉಳಿದಿರುತ್ತದೆ. ಬೆಳಕನ್ನು ಹೀರಿ ನಿಧಾನವಾಗಿ ಬಿಡುವ ಬಣ್ಣ ಗೋಡೆಗೆ ಬಳಿದಿರುತ್ತಾರೆ, ಮೈ ಅಡ್ಡವಾದ ಕಡೆ ಮಾತ್ರ ಅದು ಹೊಳೆಯುವುದಿಲ್ಲ. ಎರಡು, ಬಣ್ಣದ ನೆರಳುಗಳ ಕೋಣೆ. ಉಳಿದ ಹಲವು ಕೋಣೆಗಳಲ್ಲಿ ನೆಲದ ಮೇಲೆ ಹೆಜ್ಜೆಯ ಗುರುತು ಇತ್ತು: ಇಲ್ಲಿ ನಿಂತು ಫೋಟೊ ತೆಗೆಸಿಕೊಳ್ಳಿ. ನಮ್ಮ ಇಡೀ ಗುಂಪಿಗೆ ಇದ್ದದ್ದು ಒಂದೇ ಫೋನು, ನನ್ನದು. ಆದ್ದರಿಂದ ಯಾವ ಕೋಣೆ ಮನುಷ್ಯರಿಗಾಗಿ ಕಟ್ಟಿದ್ದು, ಯಾವುದು ಫೋನಿಗಾಗಿ ಕಟ್ಟಿದ್ದು ಎಂಬುದು ನಮಗೆ ಬಹಳ ಬೇಗ ತಿಳಿಯಿತು. ಫೋನಿನ ಕೋಣೆಗಳಲ್ಲಿ ಮಕ್ಕಳು ಅರ್ಧ ನಿಮಿಷವೂ ನಿಲ್ಲಲಿಲ್ಲ.

ಊರಿಗೆ ಬಂದ ಮರುದಿನವೇ "ನಾವೂ ಒಂದು ಕೋಣೆ ಮಾಡೋಣ" ಎಂದರು. ಮುಖ್ಯೋಪಾಧ್ಯಾಯರು ಮುರಿದ ಬೆಂಚುಗಳ ಕೋಣೆಯನ್ನು ಬಿಟ್ಟುಕೊಟ್ಟರು. 16 ಅಡಿ ಉದ್ದ, 12 ಅಡಿ ಅಗಲ. ಬೆಂಚು ಸಾಗಿಸಲು ಎರಡು ದಿನ, ಚೇಳು ಓಡಿಸಲು ಅರ್ಧ ದಿನ. ಶಾಮಿಯಾನದ ಅಂಗಡಿಯಿಂದ ಕರಿ ಬಟ್ಟೆ ಬಾಡಿಗೆಗೆ ತಂದೆವು. ಕತ್ತಲೆ ಮಾಡುವುದು ಸುಲಭ ಎಂದುಕೊಂಡಿದ್ದೆ. ಬೀದರಿನ ಬಿಸಿಲಿಗೆ ಒಂದು ಮೊಳೆಯ ತೂತು ಸಾಕು. ಬಾಗಿಲು ಮುಚ್ಚಿ ಹತ್ತು ನಿಮಿಷ ಸುಮ್ಮನೆ ಕುಳಿತು, ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಕಾಣುವ ತೂತುಗಳನ್ನೆಲ್ಲ ಸೀಮೆಸುಣ್ಣದಿಂದ ಗುರುತಿಸಿ ಮುಚ್ಚುವ ಕೆಲಸವನ್ನು ನಾಲ್ಕು ಸಲ ಮಾಡಿದೆವು.

ಮೊದಲು ಬಣ್ಣದ ನೆರಳು. ಮೂರು ಬಿಳಿ ಎಲ್‌ಇಡಿ ಬಲ್ಬುಗಳಿಗೆ ಕೆಂಪು, ಹಸಿರು, ನೀಲಿ ಜಿಲೆಟಿನ್ ಹಾಳೆ ಕಟ್ಟಿ ಸುಣ್ಣ ಬಳಿದ ಗೋಡೆಯ ಮೇಲೆ ಒಟ್ಟಿಗೆ ಬಿಟ್ಟೆವು. ಗೋಡೆ ಬಿಳಿಯಾಗುವ ಬದಲು ಪೇರಲ ಹಣ್ಣಿನ ತಿರುಳಿನ ಬಣ್ಣಕ್ಕೆ ತಿರುಗಿತು. ನೀಲಿ ಹಾಳೆ ಬೆಳಕನ್ನು ಬಹಳ ತಿನ್ನುತ್ತದೆ. ನೀಲಿಗೆ ಎರಡು ಬಲ್ಬು ಹಾಕಿದ ಮೇಲೆ ಸರಿಹೋಯಿತು, ಅಂದರೆ ಒಪ್ಪಬಹುದಾದಷ್ಟು. ಆಗ ಕೈ ಅಡ್ಡ ಹಿಡಿದರೆ ಗೋಡೆಯ ಮೇಲೆ ಮೂರು ಕೈಗಳು: ನೀಲಿ ದೀಪವನ್ನು ತಡೆದ ನೆರಳು ಹಳದಿ, ಹಸಿರನ್ನು ತಡೆದದ್ದು ಗಾಢ ಗುಲಾಬಿ, ಕೆಂಪನ್ನು ತಡೆದದ್ದು ತಿಳಿ ನೀಲಿ. ಕೆಂಪು ಹಸಿರು ಕಲಸಿದರೆ ಕೆಸರು ಬಣ್ಣ ಎಂದು ಎರಡು ವರ್ಷ ನಾನೇ ಕಲಿಸಿದ್ದೆ. ಬಣ್ಣದ ಬಟ್ಟಲಿನಲ್ಲಿ ಅದು ನಿಜ, ಬೆಳಕಿನಲ್ಲಿ ಕೆಂಪೂ ಹಸಿರೂ ಸೇರಿದರೆ ಹಳದಿ. "ಹಾಗಾದರೆ ನೀವು ಕಲಿಸಿದ್ದು ಸುಳ್ಳೇ?" ಎಂದು ಕೇಳಿದವನಿಗೆ ಆ ದಿನದ ಉಳಿದ ಅವಧಿ ಪೂರ್ತಿ ಉತ್ತರ ಕೊಡಬೇಕಾಯಿತು.

ನೆರಳು ಅಂಟುವ ಗೋಡೆಗೆ ಹೊಳೆಯುವ ಹಾಳೆ ಬೇಕಿತ್ತು. ಇಲ್ಲಿ ಎಡವಿದೆ. ನಮ್ಮ ಕಡೆ ಹೊಳೆಯುವುದೆಲ್ಲ ರೇಡಿಯಮ್ಮೇ. ಕತ್ತಲಲ್ಲಿ ತಾನಾಗಿ ಮಿನುಗುವ ನಕ್ಷತ್ರದ ಬಿಲ್ಲೆಯೂ ರೇಡಿಯಂ, ಆಟೊ ಹಿಂದೆ ಹೆಸರು ಬರೆಯುವ ಅಂಟುಹಾಳೆಯೂ ರೇಡಿಯಂ. ಎರಡರಲ್ಲೂ ಆ ಧಾತುವಿನ ಒಂದು ಕಣವೂ ಇಲ್ಲ. ಪೇಟೆಯಲ್ಲಿ "ಬಿಳಿ ರೇಡಿಯಂ ಹಾಳೆ, ಹತ್ತು ಮೀಟರ್" ಎಂದೆ. ಕೊಟ್ಟರು, ಕತ್ತರಿಸಿದ ಮೇಲೆ ವಾಪಸ್ ಇಲ್ಲ ಎಂದೂ ಹೇಳಿದರು. ಗೋಡೆಗೆ ಅಂಟಿಸಿ, ಮಿಂಚು ಹೊಡೆದು, ದೀಪ ಆರಿಸಿದರೆ ಕಗ್ಗತ್ತಲೆ. ನೆರಳೂ ಇಲ್ಲ, ಗೋಡೆಯೂ ಇಲ್ಲ. ಅದು ಕಬ್ಬಿನ ಟ್ರಾಲಿಗಳ ಹಿಂದೆ ಅಂಟಿಸುವ, ವಾಹನದ ದೀಪ ಬಿದ್ದಾಗ ಮಾತ್ರ ಹೊಳೆಯುವ ಹಾಳೆ. ನನ್ನ ಜೇಬಿನ ಹಣವೇ ಹೋಗಿತ್ತು. ಮಕ್ಕಳ ಮೇಲೆ ರೇಗಿದೆ, ಅವರದೇನೂ ತಪ್ಪಿರಲಿಲ್ಲ.

ಕತ್ತಲಲ್ಲಿ ಬಾಗಿಲು ಹುಡುಕಲು ಒಬ್ಬ ಟಾರ್ಚು ಹಚ್ಚಿದ. ಅದನ್ನು ಕಿವಿಯ ಪಕ್ಕ ಹಿಡಿದಿದ್ದ. "ಅಬ್ಬಾ!" ಎಂದ. ಪಕ್ಕದವನು "ಏನು?" ಎಂದ. "ಕಾಣುವುದಿಲ್ಲವೇ? ಗೋಡೆಗೆ ಬೆಂಕಿ ಬಿದ್ದಂತಿದೆ." ಪಕ್ಕದವನಿಗೆ ಕಂಡದ್ದು ಬೂದು ಹಾಳೆ ಮಾತ್ರ. ಇಬ್ಬರೂ ಜಗಳಕ್ಕೆ ನಿಂತರು, ಇಬ್ಬರದೂ ನಿಜವಾಗಿತ್ತು. ಆ ಹಾಳೆಯಲ್ಲಿರುವ ಅತಿ ಸಣ್ಣ ಗಾಜಿನ ಮಣಿಗಳು ಬೆಳಕನ್ನು ಕನ್ನಡಿಯಂತೆ ಆಚೆ ತಳ್ಳುವುದಿಲ್ಲ, ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸುತ್ತವೆ. ಟಾರ್ಚು ಯಾರ ಕಣ್ಣಿನ ಪಕ್ಕ ಇದೆಯೋ ಅವರಿಗೆ ಮಾತ್ರ ಹಬ್ಬ. ಅದೇ ಟಾರ್ಚನ್ನು ಹೊಟ್ಟೆಯ ಬಳಿ ಹಿಡಿದರೆ ಅವರಿಗೂ ಏನಿಲ್ಲ. ಹೈದರಾಬಾದಿನ ಯಾವ ಕೋಣೆಯಲ್ಲೂ ಇರದಿದ್ದ ಆಟ ನಮ್ಮ ಕೈಗೆ ತಪ್ಪಿ ಬಂದಿತ್ತು.

ಕರಿ ಬಟ್ಟೆಯ ಮೇಲೆ ಬೆಳ್ಳಿ ಬಣ್ಣ ಎಂದರೆ ಬೀದರಿನವರಿಗೆ ಮುಂದೇನು ಎಂದು ಹೇಳಬೇಕಿಲ್ಲ. ತರಗತಿಯ ಇಬ್ಬರ ಮನೆಯಲ್ಲಿ ಬಿದರಿ ಕೆಲಸ. ಅವರು ಅಶ್ರಫಿ ಬೂಟಿ, ಹೂಬಳ್ಳಿ, ಮೀನಿನ ಹುರುಪೆಯ ಮಾಹಿಪುಷ್ಟ್ ವಿನ್ಯಾಸಗಳನ್ನು ಹಾಳೆಯಲ್ಲಿ ಕತ್ತರಿಸಿ ಉಳಿದವರಿಗೆ ಕಲಿಸಿದರು. ಬಿದರಿಯಲ್ಲಿ ಸತು ತಾಮ್ರದ ಮಿಶ್ರಲೋಹದೊಳಗೆ ಕೂರಿಸಿದ ಬೆಳ್ಳಿ ಕಡೆಯ ಹಂತದವರೆಗೂ ಎದ್ದು ಕಾಣುವುದಿಲ್ಲ. ಕೋಟೆಯ ಮಣ್ಣನ್ನು ನವಸಾಗರದ ಜೊತೆ ಕಲಸಿ ಬಿಸಿ ಮಾಡಿದ ಪಾತ್ರೆಗೆ ತಿಕ್ಕಿದಾಗ ಲೋಹ ಕಪ್ಪಾಗಿ ಬೆಳ್ಳಿ ಎದ್ದು ಬರುತ್ತದೆ. ಮೂರೂ ಗೋಡೆ ತುಂಬಿದ ಮೇಲೆ ಬಿದರಿ ಮನೆಯ ಹುಡುಗ ಟಾರ್ಚನ್ನು ಕಣ್ಣಿಗೆ ತಂದು, "ಮಣ್ಣು ತಿಕ್ಕಿದ ಹಾಗೆ ಆಯಿತು" ಎಂದ. ಟಾರ್ಚು ಸಾಲದೆ ಮಕ್ಕಳು ಹಂಚಿಕೊಂಡು ನೋಡಿದರು. ನಿನಗೆ ಕಾಣುವುದು ಈಗ ನನಗೆ ಬೇಕು ಎಂಬ ಕಿತ್ತಾಟವೇ ಅರ್ಧ ಆಟ.

ಪ್ರದರ್ಶನದ ದಿನ ಪೋಷಕರು, ಪಕ್ಕದ ತಾಂಡಾದವರು ಎಲ್ಲರೂ ಬಂದರು. ಹನ್ನೊಂದು ಗಂಟೆಗೆ ವಿದ್ಯುತ್ ಹೋಯಿತು. ಬಣ್ಣದ ನೆರಳು ಸತ್ತಿತು, ಟಾರ್ಚುಗಳೂ ಸೊರಗಿದವು. ಆಗ ನೆನಪಾದದ್ದು ಅಷ್ಟೂರು. ಕಲಬುರಗಿಯಿಂದ ಬೀದರಿಗೆ ರಾಜಧಾನಿ ತಂದ ಬಹಮನಿ ಸುಲ್ತಾನ ಅಹ್ಮದ್ ಷಾ ವಲಿಯ ಗೋರಿ ಅಲ್ಲಿದೆ, ಅವನು ತೀರಿದ್ದು 1436ರಲ್ಲಿ. ಒಳಗೆ ಗುಮ್ಮಟದ ತುಂಬ ಚಿತ್ತಾರ, ಆದರೆ ಕತ್ತಲೆ. ನಾನು ಹೋಗಿದ್ದಾಗ ಅಲ್ಲಿದ್ದ ಹಿರಿಯರು ಹೊರಗೆ ಬಿಸಿಲಿಗೆ ಕನ್ನಡಿ ಹಿಡಿದು ಬೆಳಕನ್ನು ಬಾಗಿಲೊಳಗೆ ತಿರುಗಿಸಿದ್ದರು. ಕೆಂಪು, ಹೊನ್ನು, ಅಕ್ಷರಗಳು ಒಂದೊಂದಾಗಿ ಎದ್ದಿದ್ದವು.

ಸಿಬ್ಬಂದಿ ಕೋಣೆಯ ಕನ್ನಡಿಯನ್ನು ಕಿತ್ತು ಅಂಗಳಕ್ಕೆ ತಂದೆವು. ಬಾಗಿಲು ಒಂದು ಗೇಣು ತೆರೆದು ಬಿಸಿಲನ್ನು ಒಳಗೆ ಬಿಟ್ಟರೆ ಸಿಕ್ಕ ಬೆಳಕು ಬಲ್ಬಿಗಿಂತ ಎಷ್ಟೋ ಪಾಲು ಹೆಚ್ಚು. ಕಷ್ಟ ಒಂದೇ, ಸೂರ್ಯ ನಿಲ್ಲುವುದಿಲ್ಲ. ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಸರಿಯುತ್ತಾನೆ, 20 ಅಡಿ ದೂರದ ಗೋಡೆಯಲ್ಲಿ ಅದು 4 ಅಂಗುಲ. ಆದ್ದರಿಂದ ಕನ್ನಡಿಗೆ ಇಬ್ಬರು ಮಕ್ಕಳ ಪಾಳಿ ಹಾಕಿದೆವು. ಬೆಳಕು ಯಾರ ಕಣ್ಣಿಗೂ ನೇರ ಬೀಳದಂತೆ ತಲೆಗಿಂತ ಮೇಲೆ ಇಡಬೇಕು ಎಂಬ ಒಂದೇ ಕಟ್ಟಪ್ಪಣೆ.

ಅವರು ಕಟ್ಟಪ್ಪಣೆ ಮರೆತರು. ಕನ್ನಡಿ ತುಸು ಬಾಗಿ ಬಿಸಿಲು ಕೆಳಗಿಳಿದಾಗ ಒಳಗೆ ಬೆನ್ನು ತಿರುಗಿಸಿ ನಿಂತಿದ್ದವರು ನಮ್ಮ ಲಂಬಾಣಿ ಹುಡುಗಿಯ ಅಜ್ಜಿ. ಮೈತುಂಬ ಕನ್ನಡಿ ಹೊಲಿದ ಕಾಂಚಳಿ ಎಂಬ ರವಿಕೆ, ಫೇಟಿಯಾ ಎಂಬ ಲಂಗ. ಕರಿ ಬಟ್ಟೆಯ ಗೋಡೆಗಳಲ್ಲಿ, ಸೂರಿನಲ್ಲಿ, ಮಕ್ಕಳ ಮುಖಗಳಲ್ಲಿ ನೂರಾರು ಬೆಳಕಿನ ಚುಕ್ಕೆಗಳು ಎದ್ದವು. ಅಜ್ಜಿಗೆ ಗೊತ್ತಾಗಲಿಲ್ಲ. ಎಲ್ಲರೂ ಯಾಕೆ ಸುಮ್ಮನಾದರು ಎಂದು ಹೊರಳಿದರು, ಚುಕ್ಕೆಗಳೆಲ್ಲ ಒಟ್ಟಿಗೆ ಹೊರಳಿದವು. ಆಮೇಲೆ ಬೇಕೆಂದೇ ಒಂದು ಸುತ್ತು ಬಂದರು. "ಇನ್ನೊಂದು ಸಲ" ಎಂದು ಮೊಮ್ಮಗಳು ಲಂಬಾಣಿಯಲ್ಲಿ ಕೂಗಿದಳು. ಅಂಗಳದಲ್ಲಿ ಕನ್ನಡಿ ಹಿಡಿದಿದ್ದ ಇಬ್ಬರಿಗೆ ಒಳಗೆ ಏನಾಗುತ್ತಿದೆ ಎಂದು ತಿಳಿಯದೆ, "ಬೆಳಕು ಸರಿಯಾಗಿದೆಯೇ ಸರ್?" ಎಂದು ಕೇಳುತ್ತಲೇ ಇದ್ದರು.

ಸಂಜೆ ಶಾಮಿಯಾನದವನು ಬಟ್ಟೆಯಲ್ಲಿ ಅಂಟಿನ ಕಲೆ ಎಣಿಸಿ 200 ರೂಪಾಯಿ ಹಿಡಿದುಕೊಂಡ. ಅವನಿಗೂ ಟಾರ್ಚು ಕೊಟ್ಟು ಒಂದು ಸುತ್ತು ತೋರಿಸಿದ್ದೆವು. ಹಣವನ್ನೇನೂ ಬಿಡಲಿಲ್ಲ, ಮದುವೆ ಮಂಟಪಕ್ಕೆ ಇಂಥ ಹಾಳೆ ಎಲ್ಲಿ ಸಿಗುತ್ತದೆ ಎಂದು ಕೇಳಿಕೊಂಡು ಹೋದ.