ಹೊಡೆಯದೆ ಬಿಟ್ಟ ಚೆಂಡನ್ನೂ ನೋಡಬೇಕು: ಹೈಸ್ಕೂಲ್ ಬೇಸ್‌ಬಾಲ್ ಸ್ಕೌಟಿಂಗ್, ನನ್ನ ಅನುಭವ

ನಾನು ಸಂಬಳಕ್ಕಿರುವ ಸ್ಕೌಟ್ (ತಂಡಕ್ಕಾಗಿ ಹೊಸ ಆಟಗಾರರನ್ನು ಹುಡುಕುವವನು) ಅಲ್ಲ. ಅಟ್ಲಾಂಟಾದ ಉತ್ತರಕ್ಕೆ ಮನೆ, ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಕೆಲಸ. ಫೆಬ್ರವರಿಯಿಂದ ಮೇ ತನಕ ಸಂಜೆ ಹೊತ್ತು ಹೈಸ್ಕೂಲ್ ಮೈದಾನಗಳಲ್ಲಿ ಸ್ಟಾಪ್‌ವಾಚ್ ಹಿಡಿದು ಕೂರುತ್ತೇನೆ. ಒಂದು ಮೇಜರ್ ಲೀಗ್ (ಅಮೆರಿಕದ ಅತಿ ಮೇಲಿನ ವೃತ್ತಿ ಬೇಸ್‌ಬಾಲ್) ತಂಡಕ್ಕೆ ಈ ಭಾಗ ನೋಡಿಕೊಳ್ಳುವ ಏರಿಯಾ ಸ್ಕೌಟ್ ಒಬ್ಬರಿದ್ದಾರೆ. ಜಾರ್ಜಿಯಾ ಪೂರ್ತಿ ಅವರ ತಲೆ ಮೇಲೆ. ಒಬ್ಬರೇ ಎಲ್ಲ ಕಡೆ ಹೋಗಲು ಆಗುವುದಿಲ್ಲ ಅಲ್ವಾ? ಅದಕ್ಕೆ ನನ್ನಂಥ ಕೆಲವರನ್ನು ಇಟ್ಟುಕೊಂಡಿದ್ದಾರೆ. ಅಸೋಸಿಯೇಟ್ ಸ್ಕೌಟ್ ಅಂತ ಹೆಸರು. ಸಿಗುವುದು ತಂಡದ ಟೋಪಿ, ಒಂದೊಂದು ಸಲ ಪೆಟ್ರೋಲ್ ಖರ್ಚು.

ಮೊದಲೆಲ್ಲ ಕನ್ನಡ ಕೂಟದಲ್ಲಿ ಸಿಕ್ಕವರು "ಏನ್ರೀ, ಕ್ರಿಕೆಟ್ ಬಿಟ್ಟು ಅಲ್ಲೇನು ಕೆಲಸ?" ಅಂತ ನಗುತ್ತಿದ್ದರು. ಈಗ ಅವರ ಮಕ್ಕಳೇ ಬೇಸ್‌ಬಾಲ್ ಆಡುತ್ತಿದ್ದಾರೆ. ಪ್ರಶ್ನೆಯೂ ಬದಲಾಗಿದೆ. "ಸ್ಕೌಟ್‌ಗಳು ಬಂದು ಏನು ನೋಡ್ತಾರೆ?" ನಾನು ನೋಡಿದ ಒಬ್ಬ ಹುಡುಗನನ್ನೇ ಇಟ್ಟುಕೊಂಡು ಹೇಳುತ್ತೇನೆ. ಹೆಸರು ಬೇಡ. ಹದಿನೇಳು ವರ್ಷ, ಶಾರ್ಟ್‌ಸ್ಟಾಪ್ (ಸೆಕೆಂಡ್ ಮತ್ತು ಥರ್ಡ್ ಬೇಸ್ ನಡುವೆ ನಿಲ್ಲುವ ಫೀಲ್ಡರ್), ಬಲಗೈ ಬ್ಯಾಟರ್.

ಅವನ ಬ್ಯಾಟಿಂಗ್ ಸರಾಸರಿ .400 ದಾಟಿತ್ತು, ಅಂದರೆ ಹತ್ತು ಸಲದಲ್ಲಿ ನಾಲ್ಕು ಸಲಕ್ಕೂ ಜಾಸ್ತಿ ಚೆಂಡು ಹೊಡೆದು ಬೇಸ್ ಮುಟ್ಟಿದ್ದ. ಕೇಳಲು ಭಾರೀ ಅನ್ನಿಸುತ್ತದೆ. ಮೇಜರ್ ಲೀಗಿನಲ್ಲಿ ಅಮೆರಿಕನ್ ಮತ್ತು ನ್ಯಾಷನಲ್ ಲೀಗ್ ಎರಡನ್ನೂ ಸೇರಿಸಿ ನೋಡಿದರೆ ಸೀಸನ್ ಪೂರ್ತಿ .400 ಹೊಡೆದ ಕೊನೆಯವರು ಟೆಡ್ ವಿಲಿಯಮ್ಸ್, 1941ರಲ್ಲಿ, .406. ಹೈಸ್ಕೂಲಿನಲ್ಲಿ ಆ ಸರಾಸರಿಯವರು ಬೇಕಾದಷ್ಟು ಸಿಗುತ್ತಾರೆ. ಎದುರಿಗೆ ಚೆಂಡೆಸೆಯುವವನು ಗಂಟೆಗೆ 80 ಮೈಲಿ ಮುಟ್ಟಿದರೆ ಹೆಚ್ಚು. ಮೇಜರ್ ಲೀಗಿನ ಸಾಮಾನ್ಯ ಫಾಸ್ಟ್‌ಬಾಲ್ 94 ಮೈಲಿ. ಬ್ಯಾಟ್ ಕೂಡ ಬೇರೆ: ಶಾಲೆಯಲ್ಲಿ ಲೋಹದ್ದು, ವೃತ್ತಿ ಆಟದಲ್ಲಿ ಮರದ್ದು. ಹಾಗಾಗಿ ಶಾಲೆಯ ಸ್ಕೋರ್ ಪುಸ್ತಕವನ್ನು ನಾನು ತೆರೆಯುವುದೇ ಕಡಿಮೆ. ಎದುರಾಳಿ ಯಾರೇ ಆಗಿರಲಿ, ಹುಡುಗನ ಮೈಯಲ್ಲಿ ಬದಲಾಗದೆ ಇರುವುದು ಏನು ಅನ್ನುವುದನ್ನೇ ಹುಡುಕುತ್ತೇನೆ.

ಸ್ಕೌಟ್‌ಗಳು ಅಂಕ ಕೊಡುವ ಅಳತೆಗೋಲು 20ರಿಂದ 80ರ ತನಕ. 50 ಅಂದರೆ ಮೇಜರ್ ಲೀಗಿನ ಸರಾಸರಿ ಆಟಗಾರ. ಹೈಸ್ಕೂಲಿನ ಸರಾಸರಿ ಅಲ್ಲ. ಬ್ಯಾಟಿಗೆ ಚೆಂಡು ಸಿಗಿಸುವುದು, ದೂರ ಹೊಡೆಯುವ ಬಲ, ಓಟ, ಫೀಲ್ಡಿಂಗ್, ಎಸೆತದ ಕೈ, ಈ ಐದಕ್ಕೂ ಎರಡೆರಡು ಅಂಕ ಕೊಡಬೇಕು: ಈಗ ಎಷ್ಟು, ಮುಂದೆ ಎಷ್ಟಾಗಬಹುದು. ಒಳ್ಳೇ ಹುಡುಗನಿಗೂ ಈಗಿನ ಬ್ಯಾಟಿಂಗ್ ಅಂಕ 20 ಅಥವಾ 25 ಬೀಳುವುದು ಮಾಮೂಲು. ಅಪ್ಪ ಅಮ್ಮ ಅದನ್ನು ನೋಡಿದರೆ ಜಗಳಕ್ಕೇ ಬಂದಾರು.

ಮೈದಾನಕ್ಕೆ ನಾನು ಆಟಕ್ಕಿಂತ ಬಹಳ ಮುಂಚೆ ಹೋಗುತ್ತೇನೆ. ಯಾಕೆ ಅಂದರೆ ಪಂದ್ಯ ಏಳೇ ಇನ್ನಿಂಗ್ಸ್. ಶಾರ್ಟ್‌ಸ್ಟಾಪ್ ಕಡೆಗೆ ಎರಡೇ ಚೆಂಡು ಬಂದು, ಅವೂ ಸುಲಭದವಾಗಿ, ಸಂಜೆಯೇ ಮುಗಿದು ಹೋಗಬಹುದು. ಆಟಕ್ಕೆ ಮೊದಲು ಕೋಚ್ ಎಲ್ಲರಿಗೂ ನೆಲದ ಚೆಂಡು ಹೊಡೆದು ಕೊಡುತ್ತಾರೆ. ನನಗೆ ಬೇಕಾದ್ದು ಅಲ್ಲೇ ಜಾಸ್ತಿ ಸಿಗುತ್ತದೆ.

ಈ ಹುಡುಗನ ಕಾಲು ಚೆನ್ನಾಗಿತ್ತು. ಕೋಚ್‌ನ ಬ್ಯಾಟು ಚೆಂಡಿಗೆ ತಾಗುವ ಹೊತ್ತಿಗೆ ಒಂದು ಚಿಕ್ಕ ಜಿಗಿತ ಹಾಕಿ ಎರಡೂ ಪಾದ ನೆಲಕ್ಕೆ ಊರುತ್ತಿದ್ದ. ಹಾಗೆ ಮಾಡಿದವನಿಗೆ ಎಡಕ್ಕೂ ಬಲಕ್ಕೂ ಒಂದೇ ವೇಗದಲ್ಲಿ ಹೊರಡಲು ಬರುತ್ತದೆ. ಚೆಂಡು ತನ್ನ ಹತ್ತಿರ ಬರಲಿ ಅಂತ ನಿಂತವನಲ್ಲ. ಯಾವ ಪುಟಿತದಲ್ಲಿ ಹಿಡಿಯಬೇಕು ಅಂತ ತಾನೇ ಆರಿಸಿಕೊಂಡು ಮುಂದೆ ಬರುತ್ತಿದ್ದ. ಗ್ಲವ್‌ನಿಂದ ಬಲಗೈಗೆ ಚೆಂಡು ದಾಟುವುದು ಕಣ್ಣಿಗೆ ಕಾಣದಷ್ಟು ಬೇಗ. ಇದೆಲ್ಲ ಕಲಿಸಿದರೆ ಬರುತ್ತದೆ ಅಂತ ಕೋಚ್‌ಗಳು ಹೇಳುತ್ತಾರೆ. ಸ್ವಲ್ಪ ಬರುತ್ತದೆ, ಪೂರ್ತಿ ಬರುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ತೊಂದರೆ ಇದ್ದದ್ದು ಕೈಯಲ್ಲಿ. ಥರ್ಡ್ ಬೇಸ್ ಕಡೆಗೆ ಆಳಕ್ಕೆ ಹೋದ ಚೆಂಡನ್ನು ಶಾರ್ಟ್‌ಸ್ಟಾಪ್ ಹಿಮ್ಮುಖ ಗ್ಲವ್‌ನಲ್ಲಿ ಹಿಡಿದು, ಕಾಲು ಊರಿ, ಫಸ್ಟ್ ಬೇಸಿಗೆ ಎಸೆಯಬೇಕು. ನೂರು ಅಡಿಗೂ ಜಾಸ್ತಿ ದೂರ. ಇವನ ಎಸೆತ ಗುರಿ ತಪ್ಪುತ್ತಿರಲಿಲ್ಲ. ಆದರೆ ಕೊನೆಯ ಭಾಗದಲ್ಲಿ ಚೆಂಡು ಸೋತು ಕೆಳಗಿಳಿಯುತ್ತಿತ್ತು. ನಾನು ಅಲ್ಲಿ ಸ್ಟಾಪ್‌ವಾಚ್ ಒತ್ತುತ್ತೇನೆ: ಬ್ಯಾಟಿನ ಸದ್ದಿನಿಂದ ಫಸ್ಟ್ ಬೇಸ್‌ಮನ್ ಗ್ಲವ್‌ಗೆ ಚೆಂಡು ಬೀಳುವ ತನಕ. ಮೇಜರ್ ಲೀಗಿನ ಸರಾಸರಿ ಬಲಗೈ ಬ್ಯಾಟರ್ ಹೋಮ್ ಪ್ಲೇಟಿನಿಂದ (ಬ್ಯಾಟ್ ಮಾಡುವ ಜಾಗ) ಫಸ್ಟ್ ಬೇಸಿಗೆ 4.3 ಸೆಕೆಂಡಿನಲ್ಲಿ ಓಡುತ್ತಾನೆ. ಎಡಗೈಯವನು ಬೇಸಿಗೆ ಹತ್ತಿರ ನಿಲ್ಲುವುದರಿಂದ 4.2. ಚೆಂಡು ಅದಕ್ಕಿಂತ ಮುಂಚೆ ಬರದಿದ್ದರೆ ಹಿಡಿದದ್ದೂ ಸುಮ್ನೆ. ಸುಲಭದ ಚೆಂಡುಗಳಲ್ಲಿ ಇವನಿಗೆ ಸಮಯ ಉಳಿಯುತ್ತಿತ್ತು. ಆಳದ ಚೆಂಡುಗಳಲ್ಲಿ ಉಳಿಯುತ್ತಿರಲಿಲ್ಲ. "ಶಾರ್ಟ್‌ಸ್ಟಾಪ್ ಆಗಿ ಉಳಿಯುವುದು ಕಷ್ಟ, ಸೆಕೆಂಡ್ ಬೇಸಿಗೆ ಸರಿ" ಅಂತ ಅವತ್ತೇ ಗುರುತು ಹಾಕಿಕೊಂಡೆ.

ಬ್ಯಾಟಿಂಗ್ ನೋಡುವಾಗ ಜಾಗ ಬದಲಿಸಬೇಕು. ಸ್ಕೌಟ್‌ಗಳೆಲ್ಲ ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವನು) ಹಿಂದಿನ ಬಲೆಯ ಹತ್ತಿರ ರೇಡಾರ್ ಗನ್ ಹಿಡಿದು ಕೂತಿರುತ್ತಾರೆ. ಚೆಂಡೆಸೆಯುವ ಪಿಚರ್‌ನನ್ನು ನೋಡಲು ಅದೇ ಸರಿ. ಬಲಗೈ ಬ್ಯಾಟರ್‌ನನ್ನು ನೋಡಲು ಫಸ್ಟ್ ಬೇಸ್ ಕಡೆಗೆ ಹೋಗಬೇಕು. ಅಲ್ಲಿಂದ ಅವನ ಎದೆ, ಕೈ, ಮೊಣಕಾಲು ಎಲ್ಲ ಎದುರಿಗೆ ಕಾಣುತ್ತವೆ. ಎಡಗೈಯವನಾದರೆ ಥರ್ಡ್ ಬೇಸ್ ಕಡೆ.

ಅಲ್ಲಿ ನಿಂತು ನಾನು ಮೊದಲು ನೋಡುವುದು ಅವನು ಹೊಡೆಯದೆ ಬಿಟ್ಟ ಚೆಂಡನ್ನು. 90 ಮೈಲಿಯ ಚೆಂಡು ಪಿಚರ್‌ನ ಕೈ ಬಿಟ್ಟು ಪ್ಲೇಟಿಗೆ ಬರಲು ಸುಮಾರು 0.4 ಸೆಕೆಂಡ್ ಸಾಕು. ಹೊಡೆಯಲೋ ಬಿಡಲೋ ಅಂತ ನಿರ್ಧರಿಸಲು ಅದರಲ್ಲಿ ಅರ್ಧವೂ ಸಿಗುವುದಿಲ್ಲ. ಹಾಗಾಗಿ ಒಳ್ಳೇ ಬ್ಯಾಟರ್ ಪ್ರತಿ ಚೆಂಡಿಗೂ ಹೊಡೆಯಲೇ ಹೊರಟಿರುತ್ತಾನೆ, ನಡುವೆ ತಡೆದುಕೊಳ್ಳುತ್ತಾನೆ. ಆ ತಡೆಯುವುದರಲ್ಲೇ ಎಲ್ಲ ಗೊತ್ತಾಗುತ್ತದೆ. ದ್ರಾವಿಡ್ ಆಫ್ ಸ್ಟಂಪ್ ಹೊರಗಿನ ಚೆಂಡು ಬಿಡುವುದನ್ನು ನೋಡಿ ಬೆಳೆದ ನಮಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ಈ ಹುಡುಗನ ಎದುರು ಒಂದು ಕರ್ವ್ (ತಿರುಗಿ ಇಳಿಯುವ ಚೆಂಡು) ಬಂತು, ಹೊರಗಡೆಗೆ, ಕೆಳಕ್ಕೆ. ಅವನ ಎಡಗಾಲು ಮುಂದೆ ಬಂದು ಮೆತ್ತಗೆ ಊರಿತು. ಕೈಗಳು ಬಲ ಹೆಗಲ ಹತ್ತಿರವೇ ಇದ್ದವು. ಸೊಂಟ ತಿರುಗಲಿಲ್ಲ. ಗಲ್ಲ ಮಾತ್ರ ಚೆಂಡಿನ ಜೊತೆ ಇಳಿದು ಕ್ಯಾಚರ್‌ನ ಗ್ಲವ್ ತನಕ ಹೋಯಿತು. ಅದೇ ತಂಡದ ಇನ್ನೊಬ್ಬನೂ ಅಂಥದ್ದೇ ಚೆಂಡು ಬಿಟ್ಟ. ಆದರೆ ಅವನ ಮುಂದಿನ ಹೆಗಲು ಆಗಲೇ ಎಡಕ್ಕೆ ಹಾರಿತ್ತು, ಮೊಣಕಾಲು ಸಡಿಲವಾಗಿತ್ತು. ಅವನು ಬಿಟ್ಟದ್ದಲ್ಲ, ಹೊಡೆಯಲು ಆಗದೆ ನಿಂತದ್ದು. ಪುಸ್ತಕದಲ್ಲಿ ಇಬ್ಬರದೂ "ಬಾಲ್" (ವಲಯದ ಹೊರಗೆ ಹೋದ, ಬ್ಯಾಟರ್ ಬೀಸದ ಚೆಂಡು) ಅಂತಲೇ ಬರೆದರು.

ಫೌಲ್ ಹೋದ, ಅಂದರೆ ಬ್ಯಾಟಿಗೆ ತಾಗಿ ಮೈದಾನದ ಗೆರೆಯಾಚೆ ಹೋದ ಚೆಂಡುಗಳನ್ನೂ ಬರೆದುಕೊಳ್ಳುತ್ತೇನೆ. ನೇರ ಹಿಂದಕ್ಕೆ, ಬಲೆಗೆ ಹೋಯಿತು ಅಂದರೆ ಸಮಯ ಸರಿ, ಬ್ಯಾಟು ಕೂದಲೆಳೆಯಷ್ಟು ಕೆಳಗಿತ್ತು ಅಂತ. ಬಲಗೈಯವನು ಥರ್ಡ್ ಬೇಸ್ ಆಚೆಗೆ ಜೋರಾಗಿ ಫೌಲ್ ಹೊಡೆದರೆ ಆತುರಪಟ್ಟಿದ್ದಾನೆ. ಸಾಧಾರಣ ಫಾಸ್ಟ್‌ಬಾಲನ್ನು ಮತ್ತೆ ಮತ್ತೆ ಫಸ್ಟ್ ಬೇಸ್ ಕಡೆಗೇ ಫೌಲ್ ಹೊಡೆಯುತ್ತಿದ್ದರೆ ಬ್ಯಾಟು ತಡವಾಗುತ್ತಿದೆ, ಅದು ಚಿಂತೆಯ ವಿಷಯ. ಎಲ್ಲಕ್ಕಿಂತ ಕೆಟ್ಟದ್ದು ಸ್ಟ್ರೈಕ್ ವಲಯದ (ಪ್ಲೇಟಿನ ಮೇಲೆ, ಬ್ಯಾಟರ್‌ನ ಎದೆಯಿಂದ ಮೊಣಕಾಲಿನ ತನಕದ ಜಾಗ) ಒಳಗಿನ ಫಾಸ್ಟ್‌ಬಾಲಿಗೆ ಬ್ಯಾಟ್ ಬೀಸಿಯೂ ತಾಗಿಸಲು ಆಗದಿರುವುದು. ಹೊರಗಿನ ಸ್ಲೈಡರ್‌ಗೆ (ವೇಗವಾಗಿ ಬಂದು ಕೊನೆಯಲ್ಲಿ ಪಕ್ಕಕ್ಕೆ ಸರಿಯುವ ಚೆಂಡು) ಬೀಸಿದರೆ ಕ್ಷಮಿಸಬಹುದು, ದೊಡ್ಡವರೂ ಬೀಸುತ್ತಾರೆ. 82 ಮೈಲಿಯ ನೇರ ಚೆಂಡು ಹೈಸ್ಕೂಲಿನಲ್ಲೇ ತಪ್ಪಿದರೆ 94ಕ್ಕೆ ಏನು ಮಾಡುತ್ತಾನೆ?

ಮಗನ ವಿಡಿಯೋ ಕಳಿಸುವ ಅಪ್ಪ ಅಮ್ಮಂದಿರಿಗೆ ಇಲ್ಲೇ ಒಂದು ಮಾತು. ಬರೀ ಹೋಮ್ ರನ್‌ಗಳನ್ನು ಜೋಡಿಸಿ, ಹಿಂದೆ ಹಾಡು ಹಾಕಿ ಕಳಿಸಬೇಡಿ. ಒಂದು ಸರದಿ ಮೊದಲ ಚೆಂಡಿನಿಂದ ಕೊನೆಯದರ ತನಕ ಪೂರ್ತಿ ಇರಲಿ, ಔಟ್ ಆದರೂ ಪರವಾಗಿಲ್ಲ. ಫೀಲ್ಡಿಂಗ್ ಅಭ್ಯಾಸವನ್ನೂ ಕತ್ತರಿಸದೆ ಹಾಕಿ. ಹಾಡಂತೂ ಬೇಡವೇ ಬೇಡ, ಬ್ಯಾಟಿನ ಸದ್ದು ಕೇಳಬೇಕು.

ಬಲದ ವಿಷಯ ಬೇಗ ಮುಗಿಸುತ್ತೇನೆ. ಚೆಂಡು ಬ್ಯಾಟ್ ಬಿಡುವ ವೇಗವನ್ನು ಈಗ ಯಂತ್ರವೇ ಅಳೆಯುತ್ತದೆ, 95 ಮೈಲಿ ದಾಟಿದರೆ ಜೋರಾದ ಹೊಡೆತ ಅಂತ ಲೆಕ್ಕ. ಅಭ್ಯಾಸದಲ್ಲಿ ಕಬ್ಬಿಣದಂಥ ಹುಡುಗರು ಎಲ್ಲರೂ ದಾಟುತ್ತಾರೆ. ಇವನು ತೆಳ್ಳಗಿದ್ದ, ಅಪರೂಪಕ್ಕೆ ದಾಟುತ್ತಿದ್ದ. ಆದರೆ ಹೆಗಲು ಅಗಲ, ಮಣಿಕಟ್ಟು ದಪ್ಪ. ಇನ್ನೂ ಮೈ ತುಂಬಲು ಜಾಗವಿತ್ತು. ನಾವು ಹುಡುಗನ ಜೊತೆ ಅವನ ಅಪ್ಪ ಅಮ್ಮನನ್ನೂ ಗುರುತು ಹಿಡಿದು ನೋಡುತ್ತೇವೆ: ಎತ್ತರ ಎಷ್ಟು, ಮೈಕಟ್ಟು ಹೇಗೆ ಅಂತ. ಹೆಣ್ಣು ನೋಡಲು ಹೋದವರ ಹಾಗೆ ಕಾಣುತ್ತದೆ, ನಿಜ.

ಓಟಕ್ಕೆ 60 ಗಜದ ಸಮಯವನ್ನು ಎಲ್ಲರೂ ಹೇಳಿಕೊಳ್ಳುತ್ತಾರೆ. ಅದು ಸುಸ್ತಿಲ್ಲದೆ, ನೆಟ್ಟಗೆ, ಒಂದೇ ಸಲ ಓಡಿದ್ದು. ನಾನು ನಂಬುವುದು ಪಂದ್ಯದಲ್ಲಿ ಫಸ್ಟ್ ಬೇಸಿಗೆ ಓಡಿದ ಸಮಯ. ಇವನದು 4.3ರ ಆಸುಪಾಸು, ಅಂದರೆ 50. ನನಗೆ ಹಿಡಿಸಿದ್ದು, ಔಟ್ ಆಗುವುದು ಖಚಿತ ಅನ್ನುವ ಚೆಂಡಿಗೂ ಅದೇ ಸಮಯದಲ್ಲಿ ಓಡಿದ್ದು. ತುಂಬಾ ಹುಡುಗರು ಅಲ್ಲಿ ಅರ್ಧಕ್ಕೇ ಕುಂಟುತ್ತಾರೆ.

ಮೈಯ ಚುರುಕುತನಕ್ಕೆ ಮಾತ್ರ ಸ್ಟಾಪ್‌ವಾಚ್ ಸಾಲುವುದಿಲ್ಲ. ಚಳಿಗಾಲದಲ್ಲಿ ಅವನು ಶಾಲೆಗೆ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದ, ಅದಕ್ಕೂ ಹೋಗಿ ಕೂತೆ. ಎದುರಾಳಿಯನ್ನು ತಡೆಯುವಾಗ ಕಾಲು ಕತ್ತರಿಯಾಗದೆ ಪಕ್ಕಕ್ಕೆ ಸರಿಯುತ್ತಾನಾ, ಜಿಗಿದು ಇಳಿದ ಕೂಡಲೇ ಮತ್ತೆ ಜಿಗಿಯಲು ಆಗುತ್ತದಾ, ಇದನ್ನೇ ನೋಡಿದ್ದು. ಎರಡೂ ಇತ್ತು. ಇಂಥವನನ್ನು ಬೇರೆ ಜಾಗದಲ್ಲಿ ಆಡಿಸಿದರೂ ಹೊಂದಿಕೊಳ್ಳುತ್ತಾನೆ. ಮೇಜರ್ ಲೀಗಿನ ತಾರೆ ಮೂಕಿ ಬೆಟ್ಸ್ ನೆನಪಿಸಿಕೊಳ್ಳಿ. ನ್ಯಾಶ್‌ವಿಲ್‌ನ ಓವರ್ಟನ್ ಹೈಸ್ಕೂಲಿನಲ್ಲಿ ಬ್ಯಾಸ್ಕೆಟ್‌ಬಾಲ್, ಬೌಲಿಂಗ್ (ಚೆಂಡು ಉರುಳಿಸಿ ಪಿನ್ ಬೀಳಿಸುವ ಆಟ) ಎರಡರಲ್ಲೂ ಗಟ್ಟಿಗ. ಎತ್ತರ 5 ಅಡಿ 9 ಇಂಚು. ಬಾಸ್ಟನ್ ರೆಡ್ ಸಾಕ್ಸ್ 2011ರ ಡ್ರಾಫ್ಟಿನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವುದು) 5ನೇ ಸುತ್ತಿನಲ್ಲಿ ತೆಗೆದುಕೊಂಡಿತು. ಮುಂದೆ ಸೆಕೆಂಡ್ ಬೇಸ್, ಔಟ್‌ಫೀಲ್ಡ್, ಆಮೇಲೆ ಲಾಸ್ ಏಂಜಲೀಸ್‌ನಲ್ಲಿ ಮತ್ತೆ ಶಾರ್ಟ್‌ಸ್ಟಾಪ್ ಕೂಡ ಆಡಿದರು.

ಇಷ್ಟೆಲ್ಲ ಆದರೂ ಬ್ಯಾಟಿನ ಬಗ್ಗೆ ಗಟ್ಟಿಯಾಗಿ ಹೇಳಲು ಜೋರು ಪಿಚಿಂಗ್ ಎದುರು ನೋಡಲೇಬೇಕು. ಅದಕ್ಕೆ ಬೇಸಿಗೆಕಾಲ ಬರಬೇಕು. ಜಾರ್ಜಿಯಾದ ಎಮರ್ಸನ್‌ನಲ್ಲಿ ಲೇಕ್‌ಪಾಯಿಂಟ್ ಅಂತ ದೊಡ್ಡ ಆಟದ ಆವರಣ ಇದೆ. ಪರ್ಫೆಕ್ಟ್ ಗೇಮ್ ಸಂಸ್ಥೆಯವರ ಟೂರ್ನಿಗಳಿಗೆ ದೇಶದ ಮೂಲೆ ಮೂಲೆಯಿಂದ ಹುಡುಗರು ಬರುತ್ತಾರೆ. ಜುಲೈ ಬಿಸಿಲು, ಆ ಸೆಕೆಯಲ್ಲಿ ಸ್ಟಾಪ್‌ವಾಚ್ ಕೈಯಲ್ಲಿ ಜಾರುತ್ತದೆ. 90 ಎಸೆಯುವವರು ಅಲ್ಲಿ ಒಬ್ಬರ ಹಿಂದೆ ಒಬ್ಬರು. ನಮ್ಮ ಹುಡುಗ ಒಳಗೆ ಬಂದ 91ರ ಚೆಂಡಿಗೆ ಕೈಯನ್ನು ಮೈಗೆ ಅಂಟಿಸಿಕೊಂಡೇ ತಿರುಗಿ, ಥರ್ಡ್ ಬೇಸ್ ಗೆರೆಯ ಮೇಲೆ ಹೊಡೆದ. ಅದನ್ನು ಹಿಡಿದೇಬಿಟ್ಟರು, ಔಟ್. ನನ್ನ ಪುಸ್ತಕದಲ್ಲಿ ಆ ದಿನದ ಒಳ್ಳೇ ಹೊಡೆತ ಅದೇ. ಆಮೇಲೆ ಒಳ್ಳೇ ಸ್ಲೈಡರ್‌ಗೆ ಎರಡು ಸಲ ಸ್ಟ್ರೈಕ್ ಔಟ್ (ಮೂರು ಸ್ಟ್ರೈಕ್ ಬಿದ್ದು ಔಟ್) ಆದ. ಮೊದಲನೇ ಸಲ ಬೀಸಿದ ಜಾಗದ ಚೆಂಡನ್ನು ಎರಡನೇ ಸಲ ಬಿಟ್ಟು, ಮುಂದಿನದಕ್ಕೆ ಸಿಕ್ಕಿಬಿದ್ದ.

ರಾತ್ರಿ ಏರಿಯಾ ಸ್ಕೌಟ್ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದರು: "ಹೊಡೀತಾನಾ?" ಹೊಡೆಯುತ್ತಾನೆ, ಆದರೆ ಈಗಲೇ ಅಲ್ಲ ಅಂದೆ. ಬ್ಯಾಟಿಂಗ್ ಈಗ 25, ಮುಂದೆ 50. ಬಲ ಮುಂದೆ 45. ಓಟ 50, ಎಸೆತ 45, ಸೆಕೆಂಡ್ ಬೇಸಿನಲ್ಲಿ ಫೀಲ್ಡಿಂಗ್ ಮುಂದೆ 55. ಅವರೂ ಬಂದು ನೋಡಿದರು. ಎಸೆತಕ್ಕೆ ನನಗಿಂತ ಒಂದು ಮೆಟ್ಟಿಲು ಜಾಸ್ತಿ ಕೊಟ್ಟರು. ನಾನು ಈಗಲೂ ಒಪ್ಪುವುದಿಲ್ಲ.

ರಿಪೋರ್ಟಿನ ಕೊನೆಯಲ್ಲಿ ಇನ್ನೊಂದು ಸಾಲು ಇರುತ್ತದೆ: ಎಷ್ಟು ಹಣ ಕೊಟ್ಟರೆ ಸಹಿ ಹಾಕುತ್ತಾನೆ. ಅವನಿಗೆ ಒಳ್ಳೇ ಕಾಲೇಜಿನಲ್ಲಿ ಸೀಟು ಆಗಿತ್ತು. ಅವನ ಅಮ್ಮ ಅಡುಗೆಮನೆಯ ಮೇಜಿನ ಆಚೆ ಕೂತು, ಇಷ್ಟಕ್ಕಿಂತ ಕಡಿಮೆಯಾದರೆ ಓದಲು ಹೋಗುತ್ತಾನೆ ಅಂತ ಖಡಕ್ಕಾಗಿ ಹೇಳಿದರು. ಡ್ರಾಫ್ಟ್ 2019ರ ತನಕ 40 ಸುತ್ತು ಇತ್ತು, 2021ರಿಂದ 20ಕ್ಕೆ ಇಳಿದಿದೆ. ಸುಮ್ನೆ ಇರಲಿ ಅಂತ ಹೈಸ್ಕೂಲ್ ಹುಡುಗನನ್ನು ಕೊನೆಯಲ್ಲಿ ಕರೆಯುವ ಕಾಲ ಹೋಯಿತು. ಹಿಂದೆ ಹಾಗೆ ಕರೆಸಿಕೊಂಡವರಲ್ಲಿ ಆಡ್ಲಿ ರಚ್‌ಮನ್ ಒಬ್ಬರು: 2016ರಲ್ಲಿ ಸಿಯಾಟಲ್ ಮ್ಯಾರಿನರ್ಸ್ 40ನೇ ಸುತ್ತಿನಲ್ಲಿ ಕರೆಯಿತು, ಅವರು ಸಹಿ ಹಾಕದೆ ಓರೆಗಾನ್ ಸ್ಟೇಟ್ ಕಾಲೇಜಿಗೆ ಹೋದರು, 2019ರಲ್ಲಿ ಇಡೀ ಡ್ರಾಫ್ಟಿನ ಮೊದಲ ಹೆಸರು ಅವರದು.

ನಮ್ಮ ತಂಡ ಅಮ್ಮ ಹೇಳಿದ ಮೊತ್ತಕ್ಕೆ ಒಪ್ಪಲಿಲ್ಲ. ಹುಡುಗ ಕಾಲೇಜಿಗೆ ಹೋದ. ನಾಲ್ಕು ವರ್ಷದ ಕಾಲೇಜಿಗೆ ಸೇರಿದವನನ್ನು ಮೂರನೇ ವರ್ಷ ಮುಗಿಯುವ ತನಕ, ಇಲ್ಲವೇ 21 ತುಂಬುವ ತನಕ, ಯಾರೂ ತೆಗೆದುಕೊಳ್ಳುವಂತಿಲ್ಲ. ಈಗ ಅಲ್ಲಿ ಸೆಕೆಂಡ್ ಬೇಸ್ ಆಡುತ್ತಿದ್ದಾನೆ, ಮೈಯೂ ತುಂಬಿದೆಯಂತೆ. ಕಾಲೇಜು ಆಟಗಾರರನ್ನು ನೋಡುವುದು ಏರಿಯಾ ಸ್ಕೌಟ್‌ದೇ ಕೆಲಸ, ನನ್ನನ್ನು ಕಳಿಸುವುದಿಲ್ಲ. ಅವರು ಹೊಸದಾಗಿ ಬರೆಯುವಾಗ ನನ್ನ ಹಳೇ ರಿಪೋರ್ಟ್ ತೆಗೆದು ಪಕ್ಕಕ್ಕಿಟ್ಟುಕೊಳ್ಳುತ್ತಾರೆ. ಎಸೆತದ ಅಂಕ ಯಾರದು ಸರಿ ಅಂತ ಆಗ ಗೊತ್ತಾಗುತ್ತದೆ.