ಗುಟ್ಟು ಗೊತ್ತಾದ ಮೇಲೆ ನೋಡುವ ಸಿನಿಮಾ

‘ಟಿಂಕರ್ ಟೇಲರ್ ಸೋಲ್ಜರ್ ಸ್ಪೈ’ ಮೊದಲ ಸಲ ನೋಡಿದವರು ಸಾಮಾನ್ಯವಾಗಿ ಹೇಳುವುದು ಒಂದೇ ಮಾತು: ಏನೂ ಅರ್ಥವಾಗಲಿಲ್ಲ. 2011ರ ಈ ಚಿತ್ರದಲ್ಲಿ ಬೆನ್ನಟ್ಟುವ ಕಾರುಗಳಿಲ್ಲ, ಹೊಡೆದಾಟವಿಲ್ಲ. ಮಂಕು ಬೆಳಕಿನ ಕೋಣೆಗಳಲ್ಲಿ ವಯಸ್ಸಾದ ಗಂಡಸರು ಕೂತು ಕಡತ ತಿರುವುತ್ತಾರೆ. ಗ್ಯಾರಿ ಓಲ್ಡ್‌ಮನ್ ಮಾಡಿರುವ ಜಾರ್ಜ್ ಸ್ಮೈಲಿ ಕಥಾನಾಯಕ ಅನ್ನುವುದೇನೋ ಸರಿ, ಆದರೆ ಆಸಾಮಿ ಬಾಯಿ ಬಿಡುವುದಕ್ಕೇ ಬಹಳ ಹೊತ್ತು ತೆಗೆದುಕೊಳ್ಳುತ್ತಾನೆ. ಮೊದಲ ಸಲ ನನಗೂ ಯಾರು ಯಾರೆಂದು ತಲೆಗೆ ಹತ್ತಿರಲಿಲ್ಲ. ಈಗ ನಾನು ಅತಿ ಹೆಚ್ಚು ಸಲ ನೋಡಿರುವ ಗೂಢಚಾರಿ ಚಿತ್ರ ಇದೇ. ಅಲ್ಲಿಂದ ಇಲ್ಲಿಗೆ ಬಂದದ್ದು ಹೇಗೆ ಅನ್ನುವುದನ್ನು ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಹಲವು ಚಿತ್ರಗಳ ಗುಟ್ಟು ರಟ್ಟಾಗುತ್ತದೆ. ರಟ್ಟು ಮಾಡದೆ ಈ ವಿಷಯ ಮಾತಾಡುವುದಕ್ಕೇ ಬರುವುದಿಲ್ಲ. ಮೊದಲ ಸಲ ನೋಡುವಾಗ ನಮ್ಮ ಕಣ್ಣು ಮಾತಾಡುವವರ ಮೇಲೆ ಇರುತ್ತದೆ, ಕಥೆ ಹಿಡಿಯಬೇಕಲ್ಲ. ದ್ರೋಹಿ ಯಾರೆಂದು ಗೊತ್ತಾದ ಮೇಲೆ ಆ ಹೊರೆ ಇಳಿಯುತ್ತದೆ. ಆಗ ನಾನು ನೋಡುವುದು ಮಾತಾಡುವವರನ್ನಲ್ಲ, ಸುಮ್ಮನೆ ಕೂತು ಕೇಳಿಸಿಕೊಳ್ಳುವವರನ್ನು. ಗೂಢಚಾರನ ಕೆಲಸದ ಮುಕ್ಕಾಲು ಪಾಲು ಕೇಳಿಸಿಕೊಳ್ಳುವುದೇ ಆದ್ದರಿಂದ, ಈ ಬಗೆಯ ಚಿತ್ರಗಳಲ್ಲಿ ಅಸಲು ನಟನೆಯೂ ಅಲ್ಲೇ ಇರುತ್ತದೆ.

ನಾನು ಮಾಡುವುದು ಇಷ್ಟು. ಮೊದಲ ಸಲ ಎಲ್ಲೂ ನಿಲ್ಲಿಸುವುದಿಲ್ಲ, ಹಿಂದಕ್ಕೆ ಎಳೆದು ನೋಡುವುದಿಲ್ಲ, ನಡುವೆ ಫೋನ್ ತೆಗೆದು ಕಥಾಸಾರ ಹುಡುಕುವುದಂತೂ ಇಲ್ಲವೇ ಇಲ್ಲ. ಗೊಂದಲವಾದರೆ ಆಗಲಿ. ಮುಗಿದ ಮೇಲೆ ಒಂದು ಹಾಳೆಯಲ್ಲಿ ಯಾರಿಗೆ ಏನು ಯಾವಾಗ ಗೊತ್ತಿತ್ತು ಅಂತ ಗುರುತು ಹಾಕಿಕೊಳ್ಳುತ್ತೇನೆ. ಕಥೆ ಬರೆಯುವುದಿಲ್ಲ, ಗೊತ್ತಿದ್ದದ್ದು ಮತ್ತು ಗೊತ್ತಿಲ್ಲದ್ದು ಮಾತ್ರ. ಈ ಹಾಳೆ ತುಂಬಲಿಲ್ಲ ಅಂದರೆ ಆ ಚಿತ್ರವನ್ನು ಮತ್ತೆ ನೋಡುವ ಅಗತ್ಯವೂ ಇಲ್ಲ ಅಂತಲೇ ಲೆಕ್ಕ. ಆಮೇಲೆ ಸಂಭಾಷಣೆ ಮರೆತು ಕೊನೆ ಮಾತ್ರ ನೆನಪಿರುವಷ್ಟು ದಿನ ಬಿಡುತ್ತೇನೆ. ತೀರಾ ಬೇಗ ನೋಡಿದರೆ ಕಿವಿ ಮುಂದಿನ ಮಾತನ್ನು ತಾನೇ ಹೇಳಿಕೊಳ್ಳುತ್ತಿರುತ್ತದೆ, ಕಣ್ಣು ಸೋಮಾರಿಯಾಗುತ್ತದೆ.

ಎರಡನೇ ಸಲ ಸಬ್‌ಟೈಟಲ್ ತೆಗೆದುಬಿಡುತ್ತೇನೆ. ಇದರಿಂದ ಆಗುವ ವ್ಯತ್ಯಾಸ ಬಹಳ ದೊಡ್ಡದು. ಪರದೆಯ ಕೆಳಗಿನ ಅಕ್ಷರ ಓದುತ್ತಿರುವ ತನಕ ನಾವು ಮುಖಗಳನ್ನು ಕಳೆದುಕೊಳ್ಳುತ್ತಲೇ ಇರುತ್ತೇವೆ, ಅದರಲ್ಲೂ ಪರದೆಯ ಅಂಚಿನಲ್ಲಿ ನಿಂತವರ ಮುಖಗಳನ್ನು.

‘ಟಿಂಕರ್ ಟೇಲರ್’ನಲ್ಲಿ ಇದು ನನಗೆ ಕೊಟ್ಟದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಬ್ರಿಟಿಷ್ ಗುಪ್ತಚರ ಸಂಸ್ಥೆಯ ತುದಿಯಲ್ಲೇ ಸೋವಿಯತ್ ಒಕ್ಕೂಟದ ಒಬ್ಬ ಏಜೆಂಟ್ ಕೂತಿದ್ದಾನೆ, ಅವನನ್ನು ಹಿಡಿಯುವ ಕೆಲಸ ನಿವೃತ್ತ ಸ್ಮೈಲಿಯದು. ಕಥೆ ಹಿಂದಕ್ಕೂ ಮುಂದಕ್ಕೂ ಜಿಗಿಯುತ್ತದೆ, ‘ಇಷ್ಟು ವರ್ಷಗಳ ಹಿಂದೆ’ ಅನ್ನುವ ಫಲಕ ಎಲ್ಲೂ ಬರುವುದಿಲ್ಲ. ಕಾಲ ಯಾವುದು ಅಂತ ತಿಳಿಯಲು ನಿರ್ದೇಶಕ ಥಾಮಸ್ ಆಲ್‌ಫ್ರೆಡ್‌ಸನ್ ಒಂದು ಗುರುತು ಇಟ್ಟಿದ್ದಾರೆ: ಕನ್ನಡಕ. ಕೆಲಸ ಬಿಟ್ಟ ಮೇಲೆ ಸ್ಮೈಲಿ ಹೊಸ ಕನ್ನಡಕ ಮಾಡಿಸಿಕೊಳ್ಳುತ್ತಾನೆ. ಹಳೆಯ ಕನ್ನಡಕ ಕಂಡರೆ ಅದು ಹಿಂದಿನ ಕಥೆ, ಹೊಸದು ಕಂಡರೆ ಈಗಿನದು. ಕನ್ನಡಕ ಮಾಡಿಸುವ ಆ ದೃಶ್ಯ ಮೊದಲ ಸಲ ಸುಮ್ಮನೆ ಸಮಯ ಕಳೆಯಲು ಹಾಕಿದಂತೆ ಕಾಣುತ್ತದೆ. ಎರಡನೇ ಸಲ ಅದೇ ಬೀಗದ ಕೈ.

ಇನ್ನೊಂದು, ಸಂಸ್ಥೆಯವರ ಕ್ರಿಸ್ಮಸ್ ಪಾರ್ಟಿ. ಅದು ಒಂದೇ ಸಲಕ್ಕೆ ಮುಗಿಯುವುದಿಲ್ಲ, ಚಿತ್ರದುದ್ದಕ್ಕೂ ತುಂಡು ತುಂಡಾಗಿ ಮರಳಿ ಬರುತ್ತದೆ, ಪ್ರತಿ ಸಲ ಇನ್ನಷ್ಟು ತೋರಿಸುತ್ತದೆ. ಲೆನಿನ್ ಮುಖವಾಡ ತೊಟ್ಟ ಸಾಂತಾ ಬರುತ್ತಾನೆ, ಶತ್ರು ದೇಶದ ರಾಷ್ಟ್ರಗೀತೆಯನ್ನು ಎಲ್ಲರೂ ಎದ್ದು ನಿಂತು ತಮಾಷೆಗೆ ಹಾಡುತ್ತಾರೆ. ಮೂಲ ಕಾದಂಬರಿ ಬರೆದ ಜಾನ್ ಲೆ ಕಾರೆ ಕೂಡ ಆ ಗುಂಪಿನಲ್ಲೇ ಇದ್ದಾರೆ, ಹುಡುಕಿ ನೋಡಿ. ದ್ರೋಹಿ ಕಾಲಿನ್ ಫರ್ತ್‌ನ ಬಿಲ್ ಹೇಡನ್ ಅಂತ ಗೊತ್ತಾದ ಮೇಲೆ ನಾನು ಈ ತುಂಡುಗಳಲ್ಲಿ ಅವನನ್ನು ಬಿಟ್ಟು ಬೇರೆ ಯಾರನ್ನೂ ನೋಡಲಿಲ್ಲ. ಅದಾದ ಮೇಲಿನ ಸಲ ಅವನನ್ನೂ ಬಿಟ್ಟು, ಅವನ ಗೆಳೆಯ ಜಿಮ್ ಪ್ರಿಡೋನನ್ನು ನೋಡಿದೆ. ಇಬ್ಬರ ನಡುವೆ ಹಾದುಹೋಗುವ ಒಂದು ನಗುವಿದೆ. ಸಂಸ್ಥೆಗೆ ಬಗೆದ ದ್ರೋಹ ಪ್ರೇಕ್ಷಕನಿಗೆ ಅಷ್ಟಾಗಿ ನೋಯುವುದಿಲ್ಲ, ಈ ನಗು ನೋಯುತ್ತದೆ. (ಫರ್ತ್ ಅದೇ ವರ್ಷ ಆಸ್ಕರ್ ಗೆದ್ದಿದ್ದ ನಟ. ಅಂಥವನಿಗೆ ಇಷ್ಟು ಪುಟ್ಟ ಪಾತ್ರವೇ ಅಂತ ಮೊದಲ ಸಲವೇ ಅನುಮಾನಪಟ್ಟವರೂ ಇದ್ದಾರೆ. ಅವರ ಜೊತೆ ಸಿನಿಮಾ ನೋಡಬೇಡಿ.)

ಅದರಲ್ಲೇ ಸ್ಮೈಲಿ ತನ್ನ ಸೋವಿಯತ್ ಎದುರಾಳಿ ಕಾರ್ಲಾನನ್ನು ದೆಹಲಿಯಲ್ಲಿ ಭೇಟಿಯಾದ ಕಥೆ ಹೇಳುವ ದೃಶ್ಯವಿದೆ. ಬೇರೆ ಯಾರೇ ಆಗಿದ್ದರೂ ಆ ಭೇಟಿಯನ್ನೇ ತೋರಿಸಿರುತ್ತಿದ್ದರು. ಇಲ್ಲಿ ಓಲ್ಡ್‌ಮನ್ ಎದುರಿಗೆ ಒಂದು ಖಾಲಿ ಕುರ್ಚಿ, ಅಷ್ಟೇ. ಕಾರ್ಲಾ ಅಲ್ಲೇ ಕೂತಿದ್ದಾನೆ ಅನ್ನುವ ಹಾಗೆ ಅದರ ಜೊತೆ ಮಾತಾಡುತ್ತಾನೆ. ನಾನು ಮೊದಲೆರಡು ಸಲ ಓಲ್ಡ್‌ಮನ್ ನೋಡಿದೆ. ಆಮೇಲೆ, ಪಕ್ಕದಲ್ಲಿ ಕೂತು ಇದನ್ನು ಕೇಳಿಸಿಕೊಳ್ಳುವ ಗಿಲ್ಲಮ್ ಪಾತ್ರದ ಬೆನಡಿಕ್ಟ್ ಕಂಬರ್‌ಬ್ಯಾಚ್ ಕಡೆ ಕಣ್ಣು ಹೊರಳಿತು. ತನ್ನ ಗುರು ಸೋತ ಕಥೆಯನ್ನು ಗುರುವಿನ ಬಾಯಿಂದಲೇ ಕೇಳುವ ಶಿಷ್ಯನ ಮುಜುಗರ ಅಲ್ಲಿದೆ.

ಕಿವಿಯಿಂದ ನೋಡಬೇಕಾದ ಚಿತ್ರಗಳೂ ಇವೆ. ಫ್ರಾನ್ಸಿಸ್ ಫೋರ್ಡ್ ಕೊಪೊಲಾ ಅವರ ‘ದಿ ಕಾನ್ವರ್ಸೇಷನ್’ (1974) ಅಂಥದ್ದು. ಸರ್ಕಾರಗಳ ಗೂಢಚಾರಿಕೆ ಇದರಲ್ಲಿಲ್ಲ. ಜೀನ್ ಹ್ಯಾಕ್‌ಮನ್‌ನ ಹ್ಯಾರಿ ಕಾಲ್ ದುಡ್ಡಿಗೆ ಕದ್ದು ಕೇಳುವ ಕಸುಬಿನವನು. ಸ್ಯಾನ್ ಫ್ರಾನ್ಸಿಸ್ಕೋದ ಯೂನಿಯನ್ ಸ್ಕ್ವೇರ್‌ನ ಜನಜಂಗುಳಿಯಲ್ಲಿ ಸುತ್ತಾಡುವ ಒಂದು ಜೋಡಿಯ ಮಾತನ್ನು ಟೇಪಿನಲ್ಲಿ ಹಿಡಿದು, ಗದ್ದಲವನ್ನು ಒಂದೊಂದೇ ಪದರ ಕಳಚುತ್ತಾ ಹೋಗುತ್ತಾನೆ. ಕೊನೆಗೆ ಒಂದು ವಾಕ್ಯ ಸಿಗುತ್ತದೆ: ಅವಕಾಶ ಸಿಕ್ಕರೆ ಅವನು ನಮ್ಮನ್ನು ಕೊಂದುಬಿಡುತ್ತಾನೆ. ಕೇಳಿದಾಗ ಒತ್ತು ಕೊಲ್ಲುವುದರ ಮೇಲಿದೆ, ಆ ಇಬ್ಬರು ಪಾಪದವರು ಅನಿಸುತ್ತದೆ. ಚಿತ್ರದ ಕೊನೆಗೆ ಅದೇ ವಾಕ್ಯ ಮತ್ತೆ ಬರುವಾಗ ಒತ್ತು ‘ನಮ್ಮನ್ನು’ ಅನ್ನುವುದಕ್ಕೆ ಜರುಗಿದೆ. ಅವನು ನಮ್ಮನ್ನು ಕೊಲ್ಲುವ ಮೊದಲು ನಾವೇ ಅವನನ್ನು ಮುಗಿಸೋಣ ಅನ್ನುವ ಅರ್ಥ ಅದರೊಳಗೆ ಕೂತಿದೆ. ಧ್ವನಿ ವಿನ್ಯಾಸ ಮಾಡಿದ ವಾಲ್ಟರ್ ಮರ್ಚ್ ಕೊನೆಯಲ್ಲಿ ಬಳಸಿರುವುದು ನಟ ಬೇರೆ ಥರ ಹೇಳಿದ್ದ ಇನ್ನೊಂದು ರೆಕಾರ್ಡಿಂಗನ್ನೇ. ಸಬ್‌ಟೈಟಲ್‌ನಲ್ಲಿ ಮಾತ್ರ ಎರಡೂ ಕಡೆ ಅಕ್ಷರ ಅವೇ. ಹೆಡ್‌ಫೋನ್ ಹಾಕಿಕೊಂಡು, ಪರದೆ ಆಫ್ ಮಾಡಿ ಆ ಎರಡು ಜಾಗಗಳನ್ನು ಮಾತ್ರ ಕೇಳಿದ್ದೇನೆ. ಹ್ಯಾರಿಯ ಕಸುಬನ್ನೇ ನಾವೂ ಮಾಡಿದ ಹಾಗಾಗುತ್ತದೆ, ಸ್ವಲ್ಪ ನಾಚಿಕೆಯೂ ಆಗುತ್ತದೆ.

‘ದಿ ಲೈವ್ಸ್ ಆಫ್ ಅದರ್ಸ್’ (2006) ಮೊದಲ ಸಲವೇ ಹಿಡಿದುಕೊಳ್ಳುವ ಚಿತ್ರ, ಆದ್ದರಿಂದ ಇದನ್ನು ಮತ್ತೆ ನೋಡಬೇಕು ಅಂತ ಯಾರಿಗೂ ಹೇಳಬೇಕಾಗಿಲ್ಲ. 1984ರ ಪೂರ್ವ ಬರ್ಲಿನ್. ಸ್ಟಾಸಿ, ಅಂದರೆ ಪೂರ್ವ ಜರ್ಮನಿಯ ಗುಪ್ತ ಪೊಲೀಸ್ ಸಂಸ್ಥೆಯ ಅಧಿಕಾರಿ ವೀಸ್ಲರ್ ನಾಟಕಕಾರನೊಬ್ಬನ ಮನೆಯ ಅಟ್ಟದಲ್ಲಿ ಕೂತು ಅವನ ಬದುಕನ್ನು ಕೇಳಿಸಿಕೊಳ್ಳುತ್ತಾ ಬದಲಾಗುತ್ತಾನೆ. ಯಾವಾಗ ಬದಲಾದ? ಪಿಯಾನೋ ಕೇಳಿ ಕಣ್ಣಲ್ಲಿ ನೀರು ಬಂದಾಗ ಅಂತ ಬಹಳ ಜನ ಹೇಳುತ್ತಾರೆ. ನನಗೆ ಮುಖ್ಯ ಅನಿಸಿದ್ದು ಲಿಫ್ಟಿನ ಸಣ್ಣ ದೃಶ್ಯ. ಚೆಂಡು ಹಿಡಿದ ಹುಡುಗನೊಬ್ಬ, ನೀವು ನಿಜವಾಗಲೂ ಸ್ಟಾಸಿಯವರಾ, ನೀವು ಜನರನ್ನು ಜೈಲಿಗೆ ಹಾಕುವ ಕೆಟ್ಟವರು ಅಂತ ಅಪ್ಪ ಹೇಳುತ್ತಾರೆ ಅನ್ನುತ್ತಾನೆ. ಹೆಸರೇನು ಅಂತ ವೀಸ್ಲರ್ ಕೇಳಿಯೇಬಿಡುತ್ತಾನೆ, ಬೇಕಾದದ್ದು ಅಪ್ಪನ ಹೆಸರು. ಯಾರ ಹೆಸರು ಅಂತ ಹುಡುಗ ಕೇಳಿದಾಗ ತಡೆದು, ನಿನ್ನ ಚೆಂಡಿನ ಹೆಸರು ಅನ್ನುತ್ತಾನೆ. ಆ ತಡೆಯುವ ಕ್ಷಣದಲ್ಲಿ ಉಲ್ರಿಕ್ ಮ್ಯೂಹೆ ಮುಖದ ಒಂದು ಸ್ನಾಯುವೂ ಹೆಚ್ಚು ಕದಲುವುದಿಲ್ಲ. ಸಬ್‌ಟೈಟಲ್ ಓದುತ್ತಿದ್ದಾಗ ನಾನು ನಕ್ಕು ಮುಂದೆ ಹೋಗಿದ್ದೆ.

ಎಲ್ಲ ಚಿತ್ರಗಳೂ ಹೀಗೆ ಬೆಳೆಯುವುದಿಲ್ಲ. ಕೊನೆಯ ಹತ್ತು ನಿಮಿಷದಲ್ಲಿ ಬಾಂಬ್ ಹಾಕಿದ ಹಾಗೆ ತಿರುವು ಕೊಟ್ಟು ಮುಗಿಸುವ ಚಿತ್ರಗಳನ್ನು ಅಳೆಯಲು ನನ್ನ ಹತ್ತಿರ ಒಂದು ಪರೀಕ್ಷೆ ಇದೆ. ದ್ರೋಹಿ ಕೋಣೆಯಲ್ಲಿ ಒಬ್ಬನೇ ಇರುವಾಗ ಏನು ಮಾಡುತ್ತಾನೆ? ಯಾರೂ ನೋಡದಿದ್ದಾಗಲೂ ಅಮಾಯಕನ ಮುಖ ಹೊತ್ತಿದ್ದರೆ ಅವನು ನಟಿಸುತ್ತಿರುವುದು ನಮಗಾಗಿ, ಅಂದರೆ ನಿರ್ದೇಶಕ ಮೋಸ ಮಾಡಿದ್ದಾನೆ. ಅಂಥವನ್ನು ಎರಡನೇ ಸಲ ಅರ್ಧಕ್ಕೇ ನಿಲ್ಲಿಸುತ್ತೇನೆ. ಅದಕ್ಕೆ ತದ್ವಿರುದ್ಧವಾದದ್ದು 1996ರ ಮೊದಲ ‘ಮಿಷನ್: ಇಂಪಾಸಿಬಲ್’. ಬ್ರಯಾನ್ ಡಿ ಪಾಲ್ಮಾ ಅಲ್ಲಿ ದ್ರೋಹಿಯ ಸುಳ್ಳನ್ನು ಕಿವಿಗೆ ಕೇಳಿಸುತ್ತಾ, ನಿಜವನ್ನು ಕಣ್ಣಿಗೆ ತೋರಿಸುತ್ತಾರೆ. ಜಿಮ್ ಫೆಲ್ಪ್ಸ್ ಬೇರೊಬ್ಬನ ಮೇಲೆ ತಪ್ಪು ಹೊರಿಸುತ್ತಿದ್ದರೆ, ಅದನ್ನು ಕೇಳುತ್ತಾ ತಲೆದೂಗುವ ಟಾಮ್ ಕ್ರೂಸ್‌ನ ಮನಸ್ಸಿನಲ್ಲಿ ಫೆಲ್ಪ್ಸೇ ಎಲ್ಲರನ್ನೂ ಕೊಲ್ಲುವ ಚಿತ್ರ ಓಡುತ್ತಿರುತ್ತದೆ. ಮಾತಿಗೂ ಚಿತ್ರಕ್ಕೂ ತಾಳೆಯಾಗದೆ ಮೊದಲ ಸಲ ತಲೆ ಕೆಡುತ್ತದೆ. ದೊಡ್ಡ ಮಸಾಲೆ ಚಿತ್ರವೊಂದರಲ್ಲಿ ಕೇಳಿಸಿಕೊಳ್ಳುವವನ ತಲೆಯೊಳಗೇ ಕ್ಯಾಮೆರಾ ಇಟ್ಟ ಧೈರ್ಯ ಅದು.

ಲೆ ಕಾರೆ ಅವರದೇ ಇನ್ನೊಂದು ಕಾದಂಬರಿಯಿಂದ ಬಂದ ‘ದಿ ಸ್ಪೈ ಹೂ ಕೇಮ್ ಇನ್ ಫ್ರಮ್ ದಿ ಕೋಲ್ಡ್’ (1965) ಬಗ್ಗೆ ಹೇಳದೆ ಮುಗಿಸಲಾರೆ. ರಿಚರ್ಡ್ ಬರ್ಟನ್‌ನ ಲೀಮಸ್, ಪೂರ್ವ ಜರ್ಮನಿಯ ಮುಂಟ್ ಎಂಬ ಅಧಿಕಾರಿ ಬ್ರಿಟಿಷರ ಏಜೆಂಟ್ ಅಂತ ಸುಳ್ಳು ಅನುಮಾನ ಬಿತ್ತಲು ಹೋಗುತ್ತಾನೆ. ಮುಂಟ್ ನಿಜಕ್ಕೂ ಬ್ರಿಟಿಷರ ಏಜೆಂಟೇ, ಅವನನ್ನು ಉಳಿಸಲೆಂದೇ ಈ ನಾಟಕ ಹೂಡಿದ್ದು ಅಂತ ಲೀಮಸ್‌ಗೂ ನಮಗೂ ಕೊನೆಗೆ ಗೊತ್ತಾಗುತ್ತದೆ. ಎರಡನೇ ಸಲ ನಾನು ಬರ್ಟನ್‌ನನ್ನು ಬಿಟ್ಟು ಆಸ್ಕರ್ ವರ್ನರ್ ಮಾಡಿದ ಫೀಡ್ಲರನ ಹಿಂದೆ ಹೋದೆ. ಮುಂಟ್‌ನನ್ನು ಸಂಶಯಿಸುವ ಕೆಳಗಿನ ಅಧಿಕಾರಿ ಅವನು. ಶುರುವಿನಿಂದ ಕೊನೆಯವರೆಗೆ ಅವನು ಹೇಳುವುದೆಲ್ಲ ಸರಿ. ಜಾಣ, ಮರ್ಯಾದಸ್ಥ, ಕೇಳುವ ಪ್ರಶ್ನೆಗಳೆಲ್ಲ ನೆಟ್ಟಗಿನವು, ಮತ್ತು ಅವನ ಕುತ್ತಿಗೆಗೆ ಬಂದದ್ದೂ ಅವೇ ಪ್ರಶ್ನೆಗಳಿಂದ. ಹೀಗೆ ನೋಡಿದರೆ ಇದು ಲೀಮಸ್‌ನ ಕಥೆಯೇ ಅಲ್ಲ.

ಶುರು ಮಾಡುವವರಿಗೆ ಹಿಚ್‌ಕಾಕ್‌ನ ‘ನಾರ್ತ್ ಬೈ ನಾರ್ತ್‌ವೆಸ್ಟ್’ (1959) ಹೇಳುತ್ತೇನೆ, ಮೊದಲ ಸಲವೂ ಖುಷಿ ಕೊಡುತ್ತದೆ. ಎರಡನೇ ಸಲ ಈವ್ ಕೆಂಡಲ್ ಪಾತ್ರದ ಈವಾ ಮೇರಿ ಸೇಂಟ್ ಅವರನ್ನಷ್ಟೇ ನೋಡಿ. ಕ್ಯಾರಿ ಗ್ರಾಂಟ್‌ನನ್ನು ಸಾವಿನ ಬಾಯಿಗೆ ಕಳಿಸುವಾಗ ಶಿಕಾಗೋ ನಿಲ್ದಾಣದಲ್ಲಿ ಆಕೆಯ ಮುಖದಲ್ಲಿ ಏನಿದೆ ಅಂತ ಗಮನಿಸಿ. ಮೂರನೇ ಸಲ ಬೇಕಾದರೆ ಮೌಂಟ್ ರಶ್‌ಮೋರ್ ಕೆಫೆಟೇರಿಯಾದಲ್ಲಿ, ಗುಂಡು ಹಾರುವ ಮೊದಲೇ ಕಿವಿ ಮುಚ್ಚಿಕೊಳ್ಳುವ ಪುಟ್ಟ ಹುಡುಗನನ್ನು ಹುಡುಕಬಹುದು. ‘ಟಿಂಕರ್ ಟೇಲರ್’ ಕಡೆಗಿರಲಿ. ದ್ರೋಹಿಯ ಹೆಸರನ್ನು ಇಲ್ಲಿ ಓದಿ ಬೇಸರವಾಗಿದ್ದರೆ ಹೀಗೆ ತಿಳಿದುಕೊಳ್ಳಿ: ನಿಮಗೆ ಒಂದು ಸಲ ನೋಡುವ ಕೆಲಸ ಉಳಿಯಿತು, ನೇರವಾಗಿ ಎರಡನೆಯದರಿಂದಲೇ ಶುರು ಮಾಡಬಹುದು.