ಸಿವಿಲೈಸೇಷನ್ ಆಟಕ್ಕೆ ಮರಳುವವರು ಮೊದಲು ಮರೆಯಬೇಕಾದದ್ದೇನು?

ಸಿವಿಲೈಸೇಷನ್ ಎಂದರೆ ಸರದಿಯಂತೆ ಆಡುತ್ತಾ ಒಂದು ನಾಗರಿಕತೆಯನ್ನು ಬೆಳೆಸುವ ಕಂಪ್ಯೂಟರ್ ಆಟ. 2005ರಲ್ಲಿ ಬಂದ ‘ಸಿವಿಲೈಸೇಷನ್ 4’ ಅಥವಾ ಅದಕ್ಕೂ ಹಿಂದಿನ ಆವೃತ್ತಿಗಳನ್ನು ಕಾಲೇಜು ದಿನಗಳಲ್ಲಿ ಆಡಿ, ಆಮೇಲೆ ಕೆಲಸ, ಸಂಸಾರಗಳ ನಡುವೆ ಕೈಬಿಟ್ಟವರು ಈಗ ‘ಸಿವಿಲೈಸೇಷನ್ 6’ ತೆರೆದರೆ ವಿಚಿತ್ರವಾದ ತೊಡಕೊಂದು ಎದುರಾಗುತ್ತದೆ. ಆಟ ಪೂರ್ತಿ ಹೊಸದಾಗಿದ್ದರೆ ಮೊದಲಿನಿಂದ ಕಲಿಯಬಹುದಿತ್ತು. ಆದರೆ ಕ್ರಿ.ಪೂ. 4000ದಲ್ಲಿ ಊರು ಕಟ್ಟುವುದು, ಬರವಣಿಗೆಯಿಂದ ಬಾಹ್ಯಾಕಾಶದವರೆಗಿನ ವಿದ್ಯೆಗಳನ್ನು ಒಂದೊಂದಾಗಿ ಗಳಿಸುವುದು, ನೆರೆಯವರೊಂದಿಗೆ ಸಂಧಿ ಇಲ್ಲವೇ ಸಮರ, ಇವೆಲ್ಲ 1991ರ ಮೊದಲ ಆವೃತ್ತಿಯಿಂದ ಇಂದಿನವರೆಗೂ ಹಾಗೆಯೇ ಉಳಿದಿರುವುದರಿಂದ ಕೈ ತಾನಾಗಿಯೇ ಹಳೆಯ ರೂಢಿಯಂತೆ ಓಡುತ್ತದೆ. ನಿಯಮಗಳು ಮಾತ್ರ ಒಳಗಿನಿಂದ ಬದಲಾಗಿವೆ. ಮರಳಿ ಬಂದ ಆಟಗಾರನನ್ನು ಸೋಲಿಸುವುದು ಎದುರಾಳಿಗಿಂತ ಹೆಚ್ಚಾಗಿ ಈ ಅರೆ ಪರಿಚಯವೇ.

ಆದ್ದರಿಂದ ಮೊದಲ ಹೆಜ್ಜೆಯಾಗಿ ಆಟವನ್ನು ಚಿಕ್ಕದಾಗಿಸಿಕೊಳ್ಳಬೇಕು. ಹೊಸ ಆಟ ಆರಂಭಿಸುವ ಪುಟದಲ್ಲಿ ಯಾವ ನಿಯಮಾವಳಿ ಬೇಕೆಂದು ಆಯ್ದುಕೊಳ್ಳುವ ಅವಕಾಶವಿದೆ. 2018ರ ‘ರೈಸ್ ಆ್ಯಂಡ್ ಫಾಲ್’ ಮತ್ತು 2019ರ ‘ಗ್ಯಾದರಿಂಗ್ ಸ್ಟಾರ್ಮ್’ ವಿಸ್ತರಣೆಗಳನ್ನು ಕೊಂಡಿದ್ದರೂ ಮೊದಲ ಆಟಕ್ಕೆ ಸ್ಟ್ಯಾಂಡರ್ಡ್ ನಿಯಮಗಳೇ ಸಾಕು. ಕಠಿಣತೆಯ ಎಂಟು ಮಟ್ಟಗಳಲ್ಲಿ ನಾಲ್ಕನೆಯದಾದ ಪ್ರಿನ್ಸ್ ಅನ್ನು ಆರಿಸಿಕೊಳ್ಳಿ. ಅಲ್ಲಿ ಕಂಪ್ಯೂಟರ್ ಎದುರಾಳಿಗೂ ನಿಮಗೂ ವಿಶೇಷ ರಿಯಾಯಿತಿ ಇರುವುದಿಲ್ಲ. ಹಳೆಯ ಹೆಮ್ಮೆಯಿಂದ ನೇರವಾಗಿ ಎಂಪರರ್ ಮಟ್ಟಕ್ಕೆ ಹೋಗುವುದು ಬೇಡ. ನಕ್ಷೆಯ ಗಾತ್ರ ಸ್ಮಾಲ್ ಇರಲಿ, ಬಗೆ ಪ್ಯಾಂಜಿಯಾ ಇರಲಿ. ಎಲ್ಲರೂ ಒಂದೇ ಭೂಖಂಡದಲ್ಲಿದ್ದರೆ ನೌಕಾಪಡೆಯ ಚಿಂತೆಯನ್ನು ಮುಂದಿನ ಆಟಕ್ಕೆ ತಳ್ಳಬಹುದು.

ಎರಡನೆಯದು ನಕ್ಷೆಯನ್ನು ಓದುವುದು. ನಕ್ಷೆಯನ್ನು ವಿಂಗಡಿಸುವ ಚೌಕದ ಮನೆಗಳ ಬದಲು ಆರು ಮೂಲೆಯ ಮನೆಗಳು 2010ರ ಐದನೇ ಆವೃತ್ತಿಯಲ್ಲೇ ಬಂದವು. ಪ್ರತಿ ಮನೆಗೂ ಈಗ ಎಂಟಲ್ಲ, ಆರು ನೆರೆಗಳು. ಪ್ರತಿ ಮನೆಯ ಇಳುವರಿಯನ್ನು ತೋರಿಸುವ ಚಿಹ್ನೆಗಳನ್ನು ಆನ್ ಮಾಡಿಕೊಂಡ ಮೇಲೆಯೇ ಮೊದಲ ಊರಿನ ಜಾಗ ಹುಡುಕಬೇಕು. ನದಿ ಅಥವಾ ಕೆರೆಯ ಸಿಹಿನೀರು ಪಕ್ಕದಲ್ಲಿದ್ದರೆ ಊರಿಗೆ 5 ವಸತಿ (ಜನಸಂಖ್ಯೆಯ ಮಿತಿ) ಸಿಗುತ್ತದೆ, ಬರೀ ಕಡಲ ತೀರವಾದರೆ 3, ಎರಡೂ ಇಲ್ಲದಿದ್ದರೆ 2 ಮಾತ್ರ. ಜನಸಂಖ್ಯೆ ಈ ಮಿತಿಯನ್ನು ಸಮೀಪಿಸಿದಂತೆ ಬೆಳವಣಿಗೆ ಕುಂಟುವುದರಿಂದ, ಎಷ್ಟೇ ಫಲವತ್ತಾದ ನೆಲವಾದರೂ ನೀರಿಲ್ಲದ ಊರು ಆರಂಭದಲ್ಲಿ ಸೊರಗುತ್ತದೆ. ಒಳ್ಳೆಯ ಜಾಗ ಒಂದೆರಡು ಹೆಜ್ಜೆ ಆಚೆಗಿದ್ದರೆ ಒಂದೆರಡು ಸರದಿ ಕಳೆದುಕೊಂಡರೂ ಚಿಂತೆಯಿಲ್ಲ.

ಮೂರನೆಯ ಹೆಜ್ಜೆಯಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಆರನೇ ಆವೃತ್ತಿಯ ತಿರುಳು ಇಲ್ಲಿದೆ. ಹಿಂದೆ ಗ್ರಂಥಾಲಯ, ಮಾರುಕಟ್ಟೆ, ಬ್ಯಾಂಕು, ಅದ್ಭುತ ಕಟ್ಟಡಗಳು ಎಲ್ಲವೂ ಊರಿನ ಒಂದೇ ಮನೆಯೊಳಗೆ ಸೇರಿಕೊಳ್ಳುತ್ತಿದ್ದವು. ಈಗ ವಿದ್ಯೆಗೆ ಕ್ಯಾಂಪಸ್, ವ್ಯಾಪಾರಕ್ಕೆ ಕಮರ್ಷಿಯಲ್ ಹಬ್, ಪೂಜೆಗೆ ಹೋಲಿ ಸೈಟ್ ಎಂಬಂತೆ ಒಂದೊಂದು ಡಿಸ್ಟ್ರಿಕ್ಟ್ ನಕ್ಷೆಯ ಮೇಲೆ ಒಂದೊಂದು ಮನೆಯನ್ನೇ ಹಿಡಿಯುತ್ತದೆ; ಪಿರಮಿಡ್ಡಿಗೂ ಸ್ವಂತ ನೆಲ ಬೇಕು. ಡಿಸ್ಟ್ರಿಕ್ಟನ್ನು ಎಲ್ಲಿ ಇಡುತ್ತೀರಿ ಎಂಬುದರ ಮೇಲೆ ಫಲ ನಿಂತಿದೆ. ಕ್ಯಾಂಪಸ್ಸಿಗೆ ತಾಗಿದ ಪ್ರತಿ ಪರ್ವತಕ್ಕೂ ಒಂದು ವಿಜ್ಞಾನಾಂಕ ಹೆಚ್ಚು ಬರುತ್ತದೆ. ಮೂರು ಪರ್ವತಗಳ ಮಡಿಲಲ್ಲಿರುವ ಬರಡು ಮನೆ, ಹಳೆಯ ಆಟಗಾರನ ಕಣ್ಣಿಗೆ ಕೆಲಸಕ್ಕೆ ಬಾರದ್ದು, ಇಲ್ಲಿ ಊರಿನ ಅತ್ಯುತ್ತಮ ನಿವೇಶನವಾಗಬಹುದು. ಜನಸಂಖ್ಯೆ 1 ಇದ್ದಾಗ ಇಂಥ ಒಂದು ಡಿಸ್ಟ್ರಿಕ್ಟಿಗೆ ಅವಕಾಶ, 4ಕ್ಕೆ ಎರಡನೆಯದು, 7ಕ್ಕೆ ಮೂರನೆಯದು. ಆದ್ದರಿಂದ ಅಡಿಪಾಯಕ್ಕೆ ಮೊದಲು ಸೈಟಿನಲ್ಲಿ ಸುಣ್ಣದ ಗೆರೆ ಎಳೆಯುವಂತೆ, ಊರು ಹುಟ್ಟಿದೊಡನೆ ಮ್ಯಾಪ್ ಟ್ಯಾಕ್‌ಗಳಿಂದ ಯಾವುದು ಎಲ್ಲಿ ಎಂದು ಗುರುತು ಹಾಕಿಡಿ. ಇನ್ನೊಂದು ಗುಟ್ಟಿದೆ: ನೀವು ವಿದ್ಯೆಗಳಲ್ಲಿ ಮುಂದುವರಿದಷ್ಟೂ ಡಿಸ್ಟ್ರಿಕ್ಟಿನ ಬೆಲೆ ಏರುತ್ತದೆ, ಆದರೆ ಜಾಗ ಗೊತ್ತುಮಾಡಿದ ಕ್ಷಣಕ್ಕೆ ಅದರ ಬೆಲೆ ಸ್ಥಿರವಾಗುತ್ತದೆ. ಅವಕಾಶ ಸಿಕ್ಕೊಡನೆ ಜಾಗ ಹಿಡಿದು, ನಿರ್ಮಾಣವನ್ನು ನಿಧಾನವಾಗಿ ಮುಗಿಸಿದರೂ ಲಾಭವೇ.

ಇದರ ಜತೆಗೆ ಕೆಲಸಗಾರರ ವಿಚಾರ. ಹಿಂದಿನ ವರ್ಕರ್ ಆಟ ಮುಗಿಯುವವರೆಗೂ ದುಡಿಯುತ್ತಿದ್ದ, ಆಟೊಮೇಟ್ ಮಾಡಿ ಮರೆತುಬಿಡಬಹುದಿತ್ತು. ಈಗಿನ ಬಿಲ್ಡರ್ ಸಾಮಾನ್ಯವಾಗಿ ಮೂರು ಕೆಲಸ ಮುಗಿಸಿ ಮಾಯವಾಗುತ್ತಾನೆ, ಆದರೆ ಹೊಲವಾಗಲಿ ಗಣಿಯಾಗಲಿ ಒಂದೇ ಸರದಿಯಲ್ಲಿ ಸಿದ್ಧ. ರಸ್ತೆ ಹಾಕುವುದು ಅವನ ಕೆಲಸವಲ್ಲ. ನೀವು ಕಳುಹಿಸುವ ವ್ಯಾಪಾರಿಯೇ ಊರಿನಿಂದ ಊರಿಗೆ ದಾರಿ ಮಾಡುತ್ತಾ ಹೋಗುತ್ತಾನೆ.

ನಾಲ್ಕನೆಯದಾಗಿ, ವಿದ್ಯೆ ಗಳಿಸುವ ಬಗೆ. ಖಜಾನೆಯ ಶೇಕಡಾವಾರು ಹಣವನ್ನು ಸಂಶೋಧನೆಗೆ ತಿರುಗಿಸುವ ಹಳೆಯ ಜಾರುಪಟ್ಟಿ ಈಗಿಲ್ಲ. ತಂತ್ರಜ್ಞಾನದ ವೃಕ್ಷದ ಜತೆಗೆ ಸಂಸ್ಕೃತಿಯಿಂದ ಬೆಳೆಯುವ ಸಿವಿಕ್ಸ್ ವೃಕ್ಷವೂ ಇದೆ, ಆಡಳಿತ ನೀತಿಗಳ ಕಾರ್ಡುಗಳು ಅಲ್ಲಿಂದ ಬರುತ್ತವೆ. ಎರಡರಲ್ಲೂ ಬಹುಪಾಲು ಮೆಟ್ಟಿಲಿಗೆ ಒಂದು ಸಣ್ಣ ಷರತ್ತು ಅಂಟಿಕೊಂಡಿದ್ದು, ಅದನ್ನು ಪೂರೈಸಿದರೆ ಶೇ 40ಕ್ಕೆ ಕಡಿಮೆಯಿಲ್ಲದಷ್ಟು ಶ್ರಮ ಉಳಿಯುತ್ತದೆ: ಕಲ್ಲು ಬೀಸುವ ಭಟ ಸ್ಲಿಂಗರ್‌ನಿಂದ ಒಬ್ಬ ಶತ್ರುವನ್ನು ಕೊಂದರೆ ಬಿಲ್ಲುವಿದ್ಯೆಗೆ, ಕಲ್ಲುಗಣಿ ತೆರೆದರೆ ಕಲ್ಲುಕಟ್ಟಡದ ವಿದ್ಯೆಗೆ, ಬೇರೊಂದು ನಾಗರಿಕತೆಯನ್ನು ಭೇಟಿಯಾದರೆ ಬರವಣಿಗೆಗೆ. ಎಲ್ಲವನ್ನೂ ಬಾಯಿಪಾಠ ಮಾಡುವುದು ವ್ಯರ್ಥ. ಹೇಗಿದ್ದರೂ ಮಾಡಲಿರುವ ಕೆಲಸ ಯಾವ ವಿದ್ಯೆಗೆ ನೆರವಾಗುತ್ತದೆಂದು ನೋಡಿ, ಆ ವಿದ್ಯೆಯನ್ನು ತುಸು ಮುಂದಕ್ಕೆ ಹಾಕಿದರಾಯಿತು.

ಯುದ್ಧದಲ್ಲಿ ಮರೆಯಬೇಕಾದದ್ದು ರಾಶಿ ಸೈನ್ಯ. ನಾಲ್ಕನೇ ಆವೃತ್ತಿಯಲ್ಲಿ ಇಪ್ಪತ್ತು ತುಕಡಿಗಳನ್ನು ಒಂದೇ ಮನೆಯಲ್ಲಿ ಪೇರಿಸಿ ಶತ್ರುವಿನ ಊರಿಗೆ ನುಗ್ಗುತ್ತಿದ್ದವರು, ಈಗ ಒಂದು ಮನೆಗೆ ಒಂದೇ ಯುದ್ಧ ತುಕಡಿ ಎಂಬ ನಿಯಮಕ್ಕೆ ಒಗ್ಗಬೇಕು. ಕಣಿವೆಯೊಂದರಲ್ಲಿ ಇಬ್ಬರು ಭಟರು ನಿಂತು ದೊಡ್ಡ ದಂಡನ್ನೇ ತಡೆಯಬಹುದು. ಗುಡ್ಡ, ಕಾಡುಗಳು ಅವರ ಬಲ ಹೆಚ್ಚಿಸುತ್ತವೆ. ಮುಂದೆ ಕತ್ತಿಯವರು, ಹಿಂದೆ ಎರಡು ಮನೆ ದೂರಕ್ಕೆ ಬಾಣ ಬಿಡುವ ಬಿಲ್ಲುಗಾರರು. ಗೋಡೆ ಎದ್ದ ಊರನ್ನು ಬರೀ ಕತ್ತಿಯಿಂದ ಗೆಲ್ಲಲು ಹೊರಟರೆ ಸೈನ್ಯ ಕರಗುತ್ತದೆ. ಕವಣೆಯಂತ್ರ ಬೇಕು, ಇಲ್ಲವೇ ಭಟರ ಮನೆಯಲ್ಲೇ ಜತೆಗೆ ನಿಂತು ಗೋಡೆ ಒಡೆಯಲು ನೆರವಾಗುವ ಬ್ಯಾಟರಿಂಗ್ ರ‍್ಯಾಮ್ ಬೇಕು. ಆರಂಭದ ನಿಜವಾದ ಅಪಾಯ ಮಾತ್ರ ನೆರೆಯ ರಾಜನಿಗಿಂತ, ಯಾವ ನಾಗರಿಕತೆಗೂ ಸೇರದ ಬರ್ಬರರದ್ದು. ಅವರ ಸ್ಕೌಟ್ (ಬೇಹುಗಾರ) ನಿಮ್ಮ ಊರನ್ನು ಕಂಡು ಶಿಬಿರಕ್ಕೆ ವಾಪಸಾದರೆ ಹಿಂದೆಯೇ ದಾಳಿ ಬರುತ್ತದೆ, ಹಾಗಾಗಿ ಅವನನ್ನು ದಾರಿಯಲ್ಲೇ ಮುಗಿಸಬೇಕು.

ಗೆಲುವಿನ ದಾರಿಯನ್ನು ನೂರನೇ ಸರದಿಯ ಆಸುಪಾಸಿನಲ್ಲಿ ಗಟ್ಟಿಮಾಡಿಕೊಂಡರೆ ಸಾಕು. ಎಲ್ಲರ ಮೂಲ ರಾಜಧಾನಿಗಳನ್ನು ಹಿಡಿಯುವುದು, ಬಾಹ್ಯಾಕಾಶ ಯೋಜನೆ ಪೂರೈಸುವುದು, ಪ್ರವಾಸಿಗರನ್ನು ಸೆಳೆಯುವ ಸಂಸ್ಕೃತಿ, ಧರ್ಮ ಪ್ರಸಾರ ಇವೆಲ್ಲ ಇವೆ. ಯಾರೂ ಗೆಲ್ಲದಿದ್ದರೆ ಸ್ಟ್ಯಾಂಡರ್ಡ್ ವೇಗದಲ್ಲಿ 500ನೇ ಸರದಿಗೆ ಅಂಕಗಳ ಲೆಕ್ಕ. ಮರಳಿ ಬಂದವರಿಗೆ ವಿಜ್ಞಾನದ ದಾರಿ ಸಲೀಸು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಡಿಸ್ಟ್ರಿಕ್ಟುಗಳ ಪಾಠ ಅದರಲ್ಲೇ ಚೆನ್ನಾಗಿ ಆಗುತ್ತದೆ.

ಒಂದು ಆಟ ಮುಗಿದ ಮೇಲೆ ವಿಸ್ತರಣೆಗಳ ನಿಯಮಾವಳಿ ಆರಿಸಿಕೊಳ್ಳಬಹುದು. ಆಗ ಪ್ರಜೆಗಳ ನಿಷ್ಠೆ, ನದಿಗಳ ಪ್ರವಾಹ ಸೇರಿಕೊಳ್ಳುತ್ತವೆ, ಭಾರತಕ್ಕೆ ಗಾಂಧಿಯ ಜತೆಗೆ ಚಂದ್ರಗುಪ್ತನೂ ನಾಯಕನಾಗಿ ಸಿಗುತ್ತಾನೆ. ಜೈನ ಪರಂಪರೆಯ ಪ್ರಕಾರ ಶ್ರವಣಬೆಳಗೊಳದಲ್ಲಿ ಎಲ್ಲವನ್ನೂ ತೊರೆದು ದೇಹ ಬಿಟ್ಟ ಆತ, ಇಲ್ಲಿ ನೆರೆರಾಜ್ಯ ಗೆಲ್ಲುವುದರಲ್ಲೇ ನಿಪುಣ. 2025ರ ಏಳನೇ ಆವೃತ್ತಿಯನ್ನು ಇದಾದ ಮೇಲೆಯೇ ತೆರೆಯುವುದು ಒಳಿತು: ಅಲ್ಲಿ ಆಟ ಮೂರು ಯುಗಗಳಾಗಿ ಒಡೆದಿದ್ದು, ಯುಗ ಬದಲಾದಾಗ ನಾಗರಿಕತೆಯನ್ನೇ ಬದಲಿಸಬೇಕಾದ ನಿಯಮದೊಂದಿಗೆ ಬಿಡುಗಡೆಯಾದ ಅದು ಹಳಬರಿಗೆ ಇನ್ನೂ ದೂರದ್ದು.